ವೇಷ ಕಂಡು ಹೇಸಿದ ಅಕ್ಕ

ಅಕ್ಕನಿಗೆ ಹೇಸಿಗೆಯಾದರೆ ಮೂಗಿನ ಎಡ ಹೊಳ್ಳೆ ಮಾತ್ರ ಮೇಲೇಳುತ್ತಿತ್ತು. ಅದರ ಜೊತೆಗೆ ಹಳೆಯ ಮೂಗುತಿ ಒಮ್ಮೆ ಅಲುಗಿ ನಿಲ್ಲುತ್ತಿತ್ತು. ಮುಖದ ಉಳಿದ ಭಾಗ ಇದ್ದಂತೆಯೇ ಇರುತ್ತಿತ್ತು. ಕೊಲ್ಲಿ ದೇಶದ ಒಂದು ಪಟ್ಟಣದಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದ ಕಾಲದಲ್ಲಿ, ಕಂಪನಿಯ ಯಾವ ಪಾರ್ಟಿಗೆ ಹೋದರೂ ನಾನು ಮೊದಲು ನೋಡುತ್ತಿದ್ದದ್ದು ಆ ಹೊಳ್ಳೆಯನ್ನು. ಅದು ಎದ್ದಿತೆಂದರೆ ಊಟಕ್ಕೆ ಕಾಯದೆ ಹೊರಡಬೇಕು ಎಂದೇ ಅರ್ಥ.

ಅಕ್ಕ ಔರಾದ ತಾಲೂಕಿನ ಸಂತಪುರದವಳು, ಕುರಿ ಸಾಕುವ ಮನೆತನ. ಬೀದರಿನಲ್ಲಿ ನರ್ಸಿಂಗ್ ಕಲಿತು, ಗಂಡ ತೀರಿಕೊಂಡ ಮೇಲೆ ಹೊರದೇಶಕ್ಕೆ ಹೋಗಿ, ಕಟ್ಟಡ ಕಟ್ಟುವ ದೊಡ್ಡ ಕಂಪನಿಯೊಂದರ ಕಾರ್ಮಿಕರ ದವಾಖಾನೆಯಲ್ಲಿ ಸಿಸ್ಟರ್ ಆಗಿದ್ದಳು. ನಾನು ಭಾಲ್ಕಿಯ ಬೌದ್ಧ ಮನೆತನದವಳು, ಮಾಸ್ತರರ ಮಗಳು. ಎಂ.ಕಾಂ. ಮುಗಿಸಿ ಅದೇ ಕಂಪನಿಯ ಆಫೀಸಿಗೆ ಸೇರಿದ್ದೆ. ಹೋದ ಹೊಸದರಲ್ಲಿ ಒಂದು ದಿನ ಕಂಪನಿಯ ಬಸ್ಸಿನಲ್ಲಿ ಅವ್ವನ ಜೊತೆ ಫೋನಿನಲ್ಲಿ ಮಾತಾಡುತ್ತ ಅಳುತ್ತಿದ್ದೆ. ಮುಂದಿನ ಸೀಟಿನಿಂದ ಬಿಳಿ ಕೋಟಿನ ಹೆಂಗಸೊಬ್ಬಳು ತಿರುಗಿ ನೋಡಿದಳು.

"ಯಾವೂರಾಕಿ ಇದ್ದಿ ತಂಗಿ?"

"ಭಾಲ್ಕಿರಿ."

"ಹಂಗಾದ್ರ ಅಳೋದು ಬಿಡು. ನನ್ನ ಖೋಲ್ಯಾಗ ಒಂದು ಮಂಚ ಖಾಲಿ ಅದ."

ಹಾಗೆ ನಾನು ಅವಳ ತಂಗಿಯಾದೆ. ರಜೆಯ ದಿನ ಅವಳು ಊರಿಂದ ತಂದ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಕೆಳಗಿನ ಮನೆಯವರು ಸದ್ದಿಗೆ ತಕರಾರು ಮಾಡಿದರೆ ಅವರಿಗೂ ಎರಡು ರೊಟ್ಟಿ ಕೊಟ್ಟು ಬರುತ್ತಿದ್ದಳು. ಸಂತಪುರದಲ್ಲಿದ್ದ ಒಡಹುಟ್ಟಿದ ತಂಗಿಗೆ ಫೋನು ಮಾಡಿದರೆ ಮೊದಲು ಕುರಿ, ಆಮೇಲೆ ಮಕ್ಕಳು, ಕೊನೆಗೆ ತಂಗಿಯ ಗಂಡನ ಸುದ್ದಿ. ಸಿಟ್ಟು ಬಂದಾಗ ಒಗೆದ ಬಟ್ಟೆಯನ್ನೇ ಇನ್ನೊಮ್ಮೆ ಒಗೆಯುತ್ತಿದ್ದಳು.

ಆಫೀಸಿನಲ್ಲಿ ನನ್ನ ಕೆಲಸ ರಜೆ, ಟಿಕೆಟ್ಟು, ವೀಸಾ ನೋಡಿಕೊಳ್ಳುವುದು. ಅದರ ಜೊತೆಗೆ, ಬೇರೆ ಯಾರೂ ಒಪ್ಪದ ಇನ್ನೊಂದು ಕೆಲಸ ನನ್ನ ತಲೆಗೆ ಬಂತು: ಪಾರ್ಟಿಗಳ ವ್ಯವಸ್ಥೆ. ಹೊರದೇಶದಿಂದ ಬಂದ ಸಾಹೇಬರಿಗೆ ಬೇಸರವಾಗಬಾರದೆಂದು ಕಂಪನಿ ಏನಾದರೊಂದು ನೆಪ ಹುಡುಕುತ್ತಿತ್ತು. ಒಮ್ಮೆ ಕಡಲುಗಳ್ಳರ ವೇಷ, ಒಮ್ಮೆ ರಾಜ ರಾಣಿಯರ ವೇಷ, ಇನ್ನೊಮ್ಮೆ ದೆವ್ವಗಳ ವೇಷ. ಹೊಟ್ಟೆ ಜೋತುಬಿದ್ದ ದೊಡ್ಡ ದೊಡ್ಡ ಅಧಿಕಾರಿಗಳು ಬಿಗಿ ಚಡ್ಡಿ ತೊಟ್ಟು, ತುಟಿಗೆ ಬಣ್ಣ ಬಳಿದುಕೊಂಡು ಬರುತ್ತಿದ್ದರು. ಕುಡಿದ ಮೇಲೆ ಒಬ್ಬರ ಮೈಮೇಲೊಬ್ಬರು ಬೀಳುವುದು, ಕೇಕನ್ನು ಕಾಲಲ್ಲಿ ತುಳಿಯುವುದು, ತಟ್ಟೆ ತರುವ ಹೆಣ್ಣುಮಕ್ಕಳ ಸೊಂಟಕ್ಕೆ ಕೈ ಹಾಕುವುದು. ಮರುದಿನ ಬೆಳಿಗ್ಗೆ ಹಾಲಿನ ಬಾಗಿಲು ತೆಗೆದರೆ ಹುಳಿತ ಬಿಯರು, ಸುಟ್ಟ ಮಾಂಸ, ವೇಷಗಳಿಂದ ಉದುರಿ ನೆಂದ ಪುಕ್ಕಗಳ ವಾಸನೆ ಒಟ್ಟಿಗೆ ಮುಖಕ್ಕೆ ಹೊಡೆಯುತ್ತಿತ್ತು. ಕೈತೊಳೆಯುವ ಬೇಸಿನ್ನಿನಲ್ಲಿ ಯಾರದೋ ವಾಂತಿ, ಅದರಲ್ಲಿ ಯಾರದೋ ವಿಗ್ಗು. ಅದನ್ನೆಲ್ಲ ಬಳಿಯುತ್ತಿದ್ದವರು ನಮ್ಮ ಕಡೆಯ ಬಡವರು. ಇವತ್ತಿಗೂ ಯಾರಾದರೂ ಹೊರದೇಶದ ಜೀವನ ಹೇಗಿತ್ತೆಂದು ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಬೇಸಿನ್ನು.

ಒಂದು ಸಲ 'ಭಾರತದ ಹಳ್ಳಿ' ಎಂಬ ಹೆಸರಿನಲ್ಲಿ ವೇಷದ ಪಾರ್ಟಿ ನಡೆಯಿತು. ಕಂಪನಿಯ ದೊಡ್ಡ ಸಾಹೇಬ ಬಿಳಿಯ. ಅವನ ಕೈಕೆಳಗಿನ ಚಿಕ್ಕ ಸಾಹೇಬ ನಮ್ಮ ದೇಶದವನೇ, ದೊಡ್ಡ ಊರಿನ ದೊಡ್ಡ ಮನೆಯವನು. ಅವನು ಕುರಿ ಕಾಯುವವನ ವೇಷದಲ್ಲಿ ಬಂದ. ಹೆಗಲಿಗೆ ಕರಿ ಕಂಬಳಿ, ಕೈಯಲ್ಲಿ ಕೋಲು, ಹಲ್ಲಿಗೆ ಕಪ್ಪು ಬಣ್ಣ. ಮೇಜುಗಳ ನಡುವೆ ಕುರಿಯಂತೆ ಅರಚುತ್ತ, ಮೈ ಕೆರೆದುಕೊಳ್ಳುತ್ತ, ಹೆಂಗಸರ ತಟ್ಟೆಯಿಂದ ಊಟ ಕಸಿದು ತಿನ್ನುತ್ತ ಓಡಾಡಿದ. ಜನ ಬಿದ್ದು ಬಿದ್ದು ನಕ್ಕರು. ಮೊದಲ ಬಹುಮಾನ ಅವನಿಗೇ ಬಂತು. ಅಕ್ಕನ ಹತ್ತಿರ ಬಂದು, ನೀನು ಹಳ್ಳಿಯವಳಲ್ಲವೇ, ನಾನು ಮಾಡಿದ್ದು ಸರಿಯಾಗಿದೆಯೇ ಹೇಳು ಎಂದು ಹಿಂದಿಯಲ್ಲಿ ಕೇಳಿದ. ಅಕ್ಕ ತಟ್ಟೆಯನ್ನು ಮೇಜಿನ ಮೇಲಿಟ್ಟು ನನ್ನ ಮುಂಗೈ ಹಿಡಿದು ಹೊರಗೆ ನಡೆದಳು.

ಕೋಣೆಗೆ ಬಂದವಳೇ ಒಗೆದ ಬಟ್ಟೆಯನ್ನು ಮತ್ತೆ ನೀರಿಗೆ ಹಾಕಿದಳು. ಅದನ್ನು ತಿಕ್ಕುತ್ತಲೇ ಮಾತಾಡಿದಳು.

"ಕುಡೀಲಿ, ಕುಣೀಲಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಇವ್ರಿಗಿ ನಗಲಿಕ್ಕ ನಮ್ಮಪ್ಪನೇ ಬೇಕಾಗಿದ್ನೇನು?"

ನಾನೂ ಅವಳ ಜೊತೆ ಬಟ್ಟೆ ಹಿಂಡಲು ಕುಳಿತೆ.

ಆ ಬೇಸಿಗೆ ಭಯಂಕರವಾಗಿತ್ತು. ಕೆಲಸದ ಜಾಗದಿಂದ ಬಿಸಿಲಿಗೆ ಬಿದ್ದವರನ್ನು ದಿನವೂ ಅಕ್ಕನ ದವಾಖಾನೆಗೆ ಹೊತ್ತು ತರುತ್ತಿದ್ದರು. ಅವರಲ್ಲಿ ಔರಾದ ಸೀಮೆಯ ಸೆಂಟ್ರಿಂಗ್ ಕೆಲಸದವನೊಬ್ಬನಿದ್ದ. ಮೂತ್ರ ಕರಿ ಚಹದ ಬಣ್ಣಕ್ಕೆ ತಿರುಗಿತ್ತು. ವಾರವಿಡೀ ಮಲಗಿರಬೇಕು ಎಂದು ಅಕ್ಕ ಹೇಳಿದಳು, ಡಾಕ್ಟರೂ ಅದನ್ನೇ ಹೇಳಿದರು. ಮರುದಿನವೇ ಚಿಕ್ಕ ಸಾಹೇಬ ಅವನನ್ನು ಕೆಲಸಕ್ಕೆ ಕಳಿಸಿದ. ಮತ್ತೆ ಬಿದ್ದಾಗ ಅವನ ಎರಡೂ ಮೂತ್ರಪಿಂಡ ಕೆಟ್ಟಿದ್ದವು. ಊರಿಗೆ ಸಾಗಿಸಿದರು. ಅಕ್ಕ ಸುಮ್ಮನಿರಲಿಲ್ಲ. ಕೆಲಸದ ಜಾಗದಲ್ಲಿ ಒಂದು ತಗಡಿನ ಚಪ್ಪರ ಹಾಕಿಸಿ, ಅದರ ಕೆಳಗೆ ತಣ್ಣನೆಯ ನೀರಿಡಿ ಎಂದು ಆಫೀಸಿಗೆ ಬಂದು ಬಂದು ಕೇಳಿದಳು. ಚಪ್ಪರಕ್ಕೆ ಅಲ್ಲಿ ಜಾಗವಿಲ್ಲ ಎಂದರು. ನೀರಿನ ಮಾತು ಆಮೇಲೆ ನೋಡೋಣ ಎಂದರು.

ಬಿಸಿಲಿನ ತಿಂಗಳುಗಳು ಕಳೆದರೂ ಸೆಕೆ ಪೂರ್ತಿ ಇಳಿದಿರಲಿಲ್ಲ. ಆಗ ಕಂಪನಿ ಕಂಪನಿಗಳ ನಡುವೆ ರಗ್ಬಿ ಪಂದ್ಯ ಬಂತು. ಮೊಟ್ಟೆಯಾಕಾರದ ಚೆಂಡನ್ನು ಬಗಲಲ್ಲಿಟ್ಟುಕೊಂಡು ಓಡುವುದು, ಓಡುವವನನ್ನು ಎದುರಾಳಿಗಳು ಕೆಡವುವುದು. ಪ್ರಥಮ ಚಿಕಿತ್ಸೆಯ ಡೇರೆಯಲ್ಲಿ ಅಕ್ಕನಿಗೆ ಡ್ಯೂಟಿ, ಊಟದ ಡೇರೆಯಲ್ಲಿ ನನಗೆ. ಆಟ ಅಕ್ಕನಿಗೆ ಹಿಡಿಸಿತು ಎಂದರೆ ನಂಬಲಿಕ್ಕಿಲ್ಲ. ಕುಸ್ತಿ ಇದ್ದಂಗ ಅದ ನೋಡು ಎನ್ನುತ್ತ ಹಗ್ಗದ ಹತ್ತಿರವೇ ನಿಂತಿದ್ದಳು. ಮೊಣಕಾಲು ಒಡೆದುಕೊಂಡು ಬಂದ ಆಟಗಾರರಿಗೆ ಪಟ್ಟಿ ಕಟ್ಟಿ, ಬೆನ್ನು ತಟ್ಟಿ ಮತ್ತೆ ಮೈದಾನಕ್ಕೆ ಅಟ್ಟುತ್ತಿದ್ದಳು.

ಹೊಲಸೆಲ್ಲ ಇದ್ದದ್ದು ನೋಡುವವರ ಕಡೆ. ಅಲ್ಲಿ ವೇಷ ಹಾಕಿಕೊಂಡು ಬರುವುದು ವಾಡಿಕೆಯಂತೆ. ಬಾಳೆಹಣ್ಣಾಗಿ ಬಂದವರು, ಕೋಳಿಯಾಗಿ ಬಂದವರು, ಎದೆಯ ಮೇಲೆ ಬಲೂನು ಕಟ್ಟಿಕೊಂಡ ಗಂಡಸರು. ಕಾಲ ಕೆಳಗೆ ಬಿಯರು ಹೀರಿದ ಹುಲ್ಲು ಪಿಚಪಿಚ ಎನ್ನುತ್ತಿತ್ತು. ವಿರಾಮದ ಹೊತ್ತಿಗೆ ನಮ್ಮ ಆಫೀಸಿನವರ ಒಂದು ಗುಂಪು ಸಾಲಾಗಿ ಬಂತು. ಮೈಮೇಲೆ ಕಾರ್ಮಿಕರ ನೀಲಿ ಡ್ರೆಸ್ಸು, ತಲೆಗೆ ಹಳದಿ ಹೆಲ್ಮೆಟ್ಟು, ಕೈಯಲ್ಲಿ ಊಟದ ಡಬ್ಬಿ. ಮುಖಕ್ಕೂ ಕೈಗಳಿಗೂ ಕಂದು ಬಣ್ಣ ಬಳಿದುಕೊಂಡಿದ್ದರು. ಮುಂದೆ ಸೀಟಿ ಹಿಡಿದ ಚಿಕ್ಕ ಸಾಹೇಬ. ಅವನು ಸೀಟಿ ಊದಿದಾಗಲೆಲ್ಲ ಒಬ್ಬ ಕಣ್ಣು ಮೇಲೆ ಮಾಡಿ, ನಾಲಗೆ ಹೊರಹಾಕಿ, ಬಿಸಿಲಿಗೆ ಬಿದ್ದವನಂತೆ ಬೀಳುತ್ತಿದ್ದ. ಬಿದ್ದವನನ್ನು ಉಳಿದವರು ಕಾಲು ಹಿಡಿದು ಎಳೆಯುತ್ತಿದ್ದರು. ದೊಡ್ಡ ಸಾಹೇಬ ಕುರ್ಚಿಯ ಕೈ ಬಡಿಯುತ್ತ ನಗುತ್ತಿದ್ದ. ನಾನು ಕೈಯಲ್ಲಿದ್ದ ತಟ್ಟೆ ಅಲ್ಲೇ ಬಿಟ್ಟು ಅಕ್ಕನ ಹತ್ತಿರ ಓಡಿದೆ.

ಕೊನೆಯ ಸರದಿ ಚಿಕ್ಕ ಸಾಹೇಬನದು. ತಾನೇ ಸೀಟಿ ಊದಿ ಬಿದ್ದ. ಉಳಿದವರು ಎದ್ದರು, ಅವನು ಏಳಲಿಲ್ಲ. ಜನರ ನಗು ಇನ್ನೂ ಜೋರಾಯಿತು. ಬೆಳಗಿನಿಂದ ಕುಡಿದ ಮೈ, ಮೇಲೆ ಆ ದಪ್ಪ ಡ್ರೆಸ್ಸು. ಅವನ ಕಾಲು ಅದುರುತ್ತಿರುವುದನ್ನು ಮೊದಲು ಕಂಡವಳು ಅಕ್ಕ. ಚೀಲ ಹಿಡಿದು ಹಗ್ಗದ ಕೆಳಗಿಂದ ನುಸುಳಿ ಓಡಿದಳು. ಬಿಳಿ ಕೋಟಿನಲ್ಲಿ ಓಡಿಬಂದ ಅವಳನ್ನೂ ಜನ ವೇಷ ಎಂದುಕೊಂಡರು. ಕೋಳಿಯ ವೇಷದ ಒಬ್ಬ ಅವಳ ಪಕ್ಕ ಕುಕ್ಕರಿಸಿ ತನ್ನ ಫೋನಿನಲ್ಲಿ ಚಿತ್ರ ತೆಗೆದುಕೊಂಡ. ಅಕ್ಕ ಅವನನ್ನು ಮೊಣಕೈಯಿಂದ ತಳ್ಳಿ, ಚಿಕ್ಕ ಸಾಹೇಬನನ್ನು ಮಗ್ಗುಲಿಗೆ ಹೊರಳಿಸಿದಳು. ಅವನ ವಾಂತಿ ಅವಳ ಕೋಟಿನ ಮೇಲೆಲ್ಲ ಬಿತ್ತು. ಅದನ್ನು ಲೆಕ್ಕಿಸದೆ ಕತ್ತರಿಯಿಂದ ನೀಲಿ ಡ್ರೆಸ್ಸು ಕತ್ತರಿಸಿ, ನಾವು ಪಾನೀಯಕ್ಕೆಂದು ತಂದಿಟ್ಟಿದ್ದ ಬರ್ಫದ ಗಡ್ಡೆಗಳನ್ನು ತರಿಸಿ ಕಂಕುಳಿಗೆ ಇಟ್ಟಳು. ಒದ್ದೆ ಬಟ್ಟೆಯಿಂದ ಮುಖ ಒರೆಸಿದರೆ ಕಂದು ಬಣ್ಣ ಅವಳ ಬೆರಳುಗಳಿಗೆ ಮೆತ್ತಿಕೊಂಡಿತು. ನೆರಳಿಗೆಂದು ಮೇಲೆ ಚಾದರ ಹಿಡಿಸಿದಳು. ಅವನು ಕಣ್ಣು ಬಿಡುವವರೆಗೂ ಅವಳು ಅವನ ನಾಡಿಯಿಂದ ಕೈ ತೆಗೆಯಲಿಲ್ಲ. ಆಂಬುಲೆನ್ಸು ಬಂದು ಕರೆದೊಯ್ದಿತು. ಅವನು ಬದುಕಿದ.

ಅಷ್ಟಕ್ಕೇ ಮುಗಿಯಬೇಕಿತ್ತು. ಚಿಕ್ಕ ಸಾಹೇಬ ಗುಣವಾಗಿ ಬಂದ ದಿನ ಆಫೀಸಿನ ಬಾಗಿಲ ಎದುರಿನ ಗೋಡೆಗೆ ದೊಡ್ಡದೊಂದು ಚಿತ್ರ ಅಂಟಿಸಿದ್ದರು. ನೀಲಿ ಡ್ರೆಸ್ಸಿನವರು ಹುಲ್ಲಿನ ಮೇಲೆ ಬಿದ್ದಿದ್ದಾರೆ, ಮೇಲೆ 'ವರ್ಷದ ಅತ್ಯುತ್ತಮ ವೇಷ' ಎಂಬ ಬರಹ. ಅಂದು ಅಕ್ಕ ಚಪ್ಪರದ ಮಾತಿಗೆಂದೇ ಮತ್ತೆ ಬಂದಿದ್ದಳು. ಚಿತ್ರದ ಮುಂದೆ ನಿಂತಳು. ಆಮೇಲೆ ಮೂಲೆ ಹಿಡಿದು ಎಳೆದು, ಎಲ್ಲರೂ ನೋಡುತ್ತಿದ್ದಂತೆ ಹರಿದು, ಕಸದ ಬುಟ್ಟಿಗೆ ತುರುಕಿದಳು.

ವಿಚಾರಣೆ ನಡೆಯಿತು. ದೊಡ್ಡ ಸಾಹೇಬ, ಚಿಕ್ಕ ಸಾಹೇಬ, ಇನ್ನೂ ಇಬ್ಬರು. ಕ್ಷಮೆ ಕೇಳಿದರೆ ಬಿಟ್ಟುಬಿಡುತ್ತೇವೆ ಎಂದರು. ಅಕ್ಕನಿಗೆ ಇಂಗ್ಲಿಷು ಬರುತ್ತಿತ್ತು. ಆದರೂ ನನ್ನ ಮಾತಿನಾಗೇ ಹೇಳ್ತೇನಿ, ಈಕಿ ತಿಳಿಸ್ಲಿ ಎಂದು ನನ್ನನ್ನು ಕರೆಸಿದಳು. ಒಳಗೆ ಹೋಗುವ ಮೊದಲು ಚಿಕ್ಕ ಸಾಹೇಬ ನನ್ನನ್ನು ಪಕ್ಕಕ್ಕೆ ಕರೆದು, ಅವಳು ಏನೇ ಅಂದರೂ ಸ್ವಲ್ಪ ಮೆತ್ತಗೆ ಮಾಡಿ ಹೇಳು, ನಿನಗೂ ಒಳ್ಳೆಯದು, ಅವಳಿಗೂ ಒಳ್ಳೆಯದು ಎಂದಿದ್ದ.

ಅಕ್ಕ ಕೈ ಕಟ್ಟದೆ, ತಲೆ ತಗ್ಗಿಸದೆ ನಿಂತು ಹೇಳಿದಳು:

"ಆಟದಾಗ ಬಿದ್ದವ್ರು ಎದ್ದು ಮನಿಗಿ ಹೋದ್ರು. ನನ್ನ ದವಾಖಾನಿಗಿ ಬಂದವ್ರು ಎಲ್ಲಾರೂ ಎದ್ದಿಲ್ಲ. ಈ ಸಾಹೇಬಗ ನಾ ಬರ್ಫ ಇಟ್ಟೀನಿ, ನೆರಳು ಕೊಟ್ಟೀನಿ. ಅವ್ರಿಗಿ ನೀವು ಅದೂ ಕೊಡಲಿಲ್ಲ. ನಾ ಮಾಫಿ ಕೇಳಂಗಿಲ್ಲ."

ನಾನು ಒಂದು ಮಾತೂ ಮೆತ್ತಗೆ ಮಾಡಲಿಲ್ಲ. ಒಂದೊಂದೇ ವಾಕ್ಯವನ್ನು ಇಂಗ್ಲಿಷಿಗೆ ಸ್ಪಷ್ಟವಾಗಿ ತಿರುಗಿಸಿದೆ. ಅವಳ ಮಾತು ಮುಗಿದ ಮೇಲೆ ನನ್ನ ಮಾತನ್ನೂ ಸೇರಿಸಿದೆ. ಔರಾದಿನವನನ್ನು ಮರುದಿನವೇ ಕೆಲಸಕ್ಕೆ ಕಳಿಸಿದ್ದು ನನಗೆ ಗೊತ್ತಿದೆ, ಎಲ್ಲಿ ಬೇಕಾದರೂ ಹೇಳುತ್ತೇನೆ ಎಂದೆ. ಆ ತಿಂಗಳೇ ಅಕ್ಕನನ್ನು ಊರಿಗೆ ಕಳಿಸಿದರು. ನನ್ನ ಕರಾರನ್ನು ಮುಂದುವರಿಸಲಿಲ್ಲ. ನಾನು ಹೊರಡುವವರೆಗೂ ಚಪ್ಪರ ಎದ್ದಿರಲಿಲ್ಲ. ಆಮೇಲೆ ಎದ್ದಿತೋ ಇಲ್ಲವೋ ಗೊತ್ತಿಲ್ಲ.

ಬೀದರಿಗೆ ಬಂದ ಅಕ್ಕ ಊರಂಚಿನ ಚಿದ್ರಿಯಲ್ಲಿ ಮನೆ ಮಾಡಿ, ಸಣ್ಣದೊಂದು ಆಸ್ಪತ್ರೆಗೆ ಸೇರಿದಳು. ಔರಾದಿನ ಆ ಮನುಷ್ಯ ಡಯಾಲಿಸಿಸ್‌ಗೆ ಬೀದರಿಗೆ ಬರುತ್ತಾನೆಂದು ತಿಳಿದು, ಅವನು ಬಂದಾಗಲೆಲ್ಲ ಹೋಗಿ ಪಕ್ಕದಲ್ಲಿ ಕೂಡುತ್ತಿದ್ದಳು. ಅವನ ಹೆಂಡತಿ ಅಷ್ಟು ಹೊತ್ತು ಹೊರಗೆ ಹೋಗಿ ಊಟ ಮಾಡಿ ಬರಲಿ ಎಂದು. ನಾನು ಭಾಲ್ಕಿಯ ಕಾಲೇಜೊಂದರಲ್ಲಿ ಪಾಠಕ್ಕೆ ನಿಂತೆ. ರಜೆ ಬಂದರೆ ಅವಳ ಮನೆ.

ಒಮ್ಮೆ ಕೊಲ್ಲಿಯಿಂದ ಮರಳಿದವರೆಲ್ಲ ಬೀದರಿನ ಹಾಲೊಂದರಲ್ಲಿ ಊಟಕ್ಕೆ ಸೇರಿದ್ದರು. ಒಬ್ಬ ತನ್ನ ಫೋನಿನಲ್ಲಿ ಅದೇ ರಗ್ಬಿ ದಿನದ ವಿಡಿಯೋ ತೋರಿಸುತ್ತ ಮಜಾ ನೋಡ್ರಿ ಎನ್ನುತ್ತಿದ್ದ. ಅವನ ಸುತ್ತ ನಿಂತು ನಗುತ್ತಿದ್ದವರೆಲ್ಲ ನಮ್ಮ ಜಿಲ್ಲೆಯ ಮನ್ನಳ್ಳಿ, ಔರಾದ ಕಡೆಯವರೇ. ಕೊಲ್ಲಿಯಲ್ಲಿ ನೀಲಿ ಡ್ರೆಸ್ಸು ತೊಟ್ಟೇ ದುಡಿದವರ ಮಕ್ಕಳೂ ಅವರಲ್ಲಿದ್ದರು. ಬಿಳಿಯರು ನಕ್ಕಾಗ ಆಗದಷ್ಟು ಅಸಹ್ಯ ನನಗೆ ಅಂದು ಆಯಿತು. ಹೊರಗೆ ಬಂದು ನಿಜವಾಗಿಯೂ ವಾಂತಿ ಮಾಡಿಕೊಂಡೆ. ಅಕ್ಕ ನನ್ನ ಹಣೆ ಹಿಡಿದುಕೊಂಡಿದ್ದಳು. ನಾಚಿಕೆಯಾಗುತ್ತದೆ ಅಕ್ಕಾ, ಎಲ್ಲರಿಗೂ ಜೀರ್ಣವಾದದ್ದು ನನಗೇಕೆ ಆಗುವುದಿಲ್ಲ ಎಂದು ಕೇಳಿದೆ.

"ಹೇಸಿಗಿ ಬರೋದು ಚಲೋ ಅದ ತಂಗಿ," ಎಂದಳು. "ಬರಲಾರದಂಗ ಆತಂದ್ರ ಅವಾಗ ಅಂಜಬೇಕು."

ಮುಂದೆ ಅಕ್ಕನಿಗೇ ಹೊಟ್ಟೆಯ ಕ್ಯಾನ್ಸರು ಬಂತು. ತಿಳಿಯುವಷ್ಟರಲ್ಲಿ ಅದು ಲಿವರಿಗೂ ಹರಡಿತ್ತು. ತಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲೇ ಮಲಗಿದಳು. ಒಂದು ಮಧ್ಯಾಹ್ನ ಅವಳ ತಂಗಿ ಸಂತಪುರಕ್ಕೆ ಹೋಗಿದ್ದಾಗ ನಾನೊಬ್ಬಳೇ ಇದ್ದೆ. ಹಾಸಿಗೆ ಹೊಲಸಾಯಿತು. ಆಯಾಳನ್ನು ಕರೆಯುತ್ತೇನೆ ಎಂದರೆ ಅವಳಿಗೆ ಮುಜುಗರ. ಇಷ್ಟು ವರ್ಷ ಬೇರೆಯವರದನ್ನು ತೊಳೆದವಳು, ತನ್ನದನ್ನು ತೊಳೆಸಿಕೊಳ್ಳಲು ಗೋಡೆಯ ಕಡೆ ಮುಖ ತಿರುಗಿಸಿದಳು. ನಾನೇ ಬಿಸಿನೀರು ತಂದು ಒರೆಸಿ, ಚಾದರ ಬದಲಿಸಿದೆ. ಎಲ್ಲ ಮುಗಿದ ಮೇಲೆ ಮುಖ ಈ ಕಡೆ ಮಾಡಿದಳು.

"ನಿನಗ ತಕ್ಲೀಫ್ ಆತಲ್ಲ."

"ಇಲ್ಲಕ್ಕಾ. ಏನೂ ಆಗಿಲ್ರಿ."

ಅವಳು ನನ್ನ ಕೈಯನ್ನು ಮೂಸಿ ನೋಡಿ, ಸಾಬೂನು ಹಚ್ಚಿ ತೊಳಕೋ ಹೋಗು ಎಂದು ಗದರಿಸಿದಳು. ನನ್ನ ಜೊತೆ ಅವಳು ಆಡಿದ ಕೊನೆಯ ಮಾತು ಅದೇ.

ಸಂತಪುರದಲ್ಲಿ ತಂಗಿಯ ಹೊಲದ ಬದುವಿನಲ್ಲಿ ಅವಳನ್ನು ಮಣ್ಣು ಮಾಡಿದರು. ಹೆಂಗಸರ ಜೊತೆ ಅವಳ ಮೈಗೆ ನೀರು ಹಾಕುವಾಗ ನನ್ನನ್ನು ಯಾರೂ ನೀನು ಯಾರವಳು, ಯಾವ ಮನೆತನದವಳು ಎಂದು ಕೇಳಲಿಲ್ಲ. ಈಕೆ ಅಕ್ಕನ ತಂಗಿ ಎಂದಷ್ಟೇ ಅವಳ ಒಡಹುಟ್ಟಿದ ತಂಗಿ ಹೇಳಿದಳು. ಮಣ್ಣು ಹಾಕಿ ಬಂದ ಮೇಲೆ ಔರಾದಿನ ಬಸ್ಸಿಗೆ ಕಾಯುತ್ತ ನಿಂತಾಗ ಆ ವಿಚಾರಣೆಯ ಕೋಣೆ ನೆನಪಾಯಿತು. ಅಲ್ಲಿಗೆ ಹೋಗುವ ತನಕ ನಾನು ಯಾರ ಎದುರೂ ದನಿ ಎತ್ತಿದವಳಲ್ಲ. ಹೊರಗೆ ಬಂದಾಗ ಎತ್ತಬಲ್ಲವಳಾಗಿದ್ದೆ. ಅದು ಅಕ್ಕ ನನಗೆ ಕೊಟ್ಟದ್ದು.