ಮೇಷ್ಟ್ರ ಬೆನ್ನು ಮುಟ್ಟದ ಸಂಜೆ

ದೆವ್ವ ಕಂಡೆ, ಯಾರೋ ಕರೆದ ಹಾಗಾಯಿತು ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಅವರಿಗೆ ಹೊಟ್ಟೆ ಸರಿಯಿಲ್ಲ, ಇಲ್ಲವೇ ಮಾಡಲು ಕೆಲಸವಿಲ್ಲ ಎಂದು ಮುಖಕ್ಕೇ ಹೇಳಿದ್ದೇನೆ. ಸತ್ತುಹೋದ ಅತ್ತೆ ಬಚ್ಚಲಲ್ಲಿ ನಿಂತಿದ್ದಳು ಎಂದು ಪಕ್ಕದ ಮನೆಯ ಲಲಿತ ಜ್ವರ ಬಂದು ಮಲಗಿದಾಗ, "ಬದುಕಿದ್ದಾಗ ಒಂದಿನ ಬಚ್ಚಲು ತೊಳೆದವಳಲ್ಲ ನಿನ್ನತ್ತೆ, ಸತ್ತ ಮೇಲೆ ಬರ್ತಾಳಾ" ಎಂದು ನಕ್ಕಿದ್ದೆ. ಈಗ ಅಂಥದ್ದೇ ಒಂದನ್ನು ನಾನೇ ಬರೆಯಲು ಕೂತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಚಂದ ಮಾಡಿ ಬರೆಯಲು ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ತೊಂಬತ್ತೇಳೋ ತೊಂಬತ್ತೆಂಟೋ ಇರಬೇಕು. ಮೂಡಿಗೆರೆಯಲ್ಲಿ ಆಗ ಒಂದು ಸಂಗೀತ ಸಂಘವಿತ್ತು. ಗೊಬ್ಬರದ ಅಂಗಡಿಯ ಮೇಲಿನ ಉದ್ದನೆಯ ಕೋಣೆಯೇ ಅದರ ಜಾಗ. ನಲವತ್ತು ಜನ ಒತ್ತಿ ಕೂತರೆ ತುಂಬಿಹೋಗುತ್ತಿತ್ತು. ಮೈಕು ಇಲ್ಲ, ವೇದಿಕೆ ಇಲ್ಲ. ಹಾಡುವವರು ಚಾಪೆಯ ಮೇಲೆ, ಕೇಳುವವರು ಎರಡು ಮಾರು ದೂರದಲ್ಲಿ ಜಮಖಾನದ ಮೇಲೆ. ತಿಂಗಳಿಗೊಂದು ಭಾನುವಾರ ನಾಲ್ಕು ಗಂಟೆಗೆ ಕಚೇರಿ ಶುರು. ಕಳಸದ ಕಡೆಯ ಕೊನೆಯ ಬಸ್ಸು ತಪ್ಪಬಾರದೆಂದು ಅಷ್ಟು ಬೇಗ. ಕೋಣೆ ಗುಡಿಸುವುದು, ಜಮಖಾನ ಹಾಸುವುದು, ಬಂದವರಿಗೆ ಕಾಫಿ ಮಾಡುವುದು ನನ್ನ ಕೆಲಸ. ಅದಕ್ಕೂ ಮೊದಲು ಎಸ್ಟೇಟಿನ ಕಣದಲ್ಲಿ ಇಪ್ಪತ್ತು ವರ್ಷ ಕಾಫಿ ಒಣಗಿಸಿದ್ದೆ.

ಸಿಪ್ಪೆ ಸಮೇತ ಒಣಗಿದ ಚೆರಿ ಕಾಫಿಯನ್ನು ಒಂದು ಮುಷ್ಟಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿದರೆ ಅದರ ಸದ್ದಿನಲ್ಲೇ ಒಣಗಿದೆಯೋ ಇಲ್ಲವೋ ತಿಳಿಯುತ್ತದೆ. ನಾನು ಆಯಿತು ಎಂದರೆ ಲೆಕ್ಕ ಬರೆಯುವ ರೈಟರು ಮತ್ತೆ ನೋಡದೆ ಚೀಲ ತುಂಬಿಸುತ್ತಿದ್ದರು. ನನ್ನ ಕಿವಿ ಅಂಥದ್ದು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಮುಂದಿನದ್ದು ಅರ್ಥವಾಗಲಿ ಎಂದು ಹೇಳುತ್ತಿದ್ದೇನೆ.

ಸಂಘದಲ್ಲಿ ಹಾಡುತ್ತಿದ್ದವರು ಜಾವಳಿ ಕಡೆಯ ಒಬ್ಬ ಮೇಷ್ಟ್ರು. ಪ್ರೈಮರಿ ಶಾಲೆಯಲ್ಲಿದ್ದು ರಿಟೈರ್ ಆದವರು, ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಒಮ್ಮೆ ಅವರು ತಂಬೂರಿ ಶ್ರುತಿ ಮಾಡುತ್ತಿದ್ದಾಗ ನಾನು ಕಸ ಗುಡಿಸುತ್ತಾ, "ಮೂರನೇ ತಂತಿ ಇಳಿದಿದೆ ಮೇಷ್ಟ್ರೇ" ಎಂದುಬಿಟ್ಟೆ. ಅವರು ಪೊರಕೆ ಹಿಡಿದ ನನ್ನನ್ನು ನೋಡಿದರು. ಬಿರಡೆ ತಿರುಗಿಸುತ್ತಾ, "ಸಾಕು ಅನ್ನಿಸಿದಾಗ ಹೇಳು" ಎಂದರು. ಹೇಳಿದೆ. ಮುಂದಿನ ತಿಂಗಳಿಂದ ಅವರ ಹಿಂದೆ ಕೂತು ತಂಬೂರಿ ಮೀಟುವ ಕೆಲಸವೂ ನನಗೇ ಬಿತ್ತು. ಸಂಘದ ಹೆಂಗಸರು ಕೆಲವರು ಮುಖ ಗಂಟಿಕ್ಕಿದರು. ಆದರೆ ನಾಲ್ಕು ತಂತಿಯನ್ನು ಎರಡು ಗಂಟೆ ಬಿಡದೆ ಮೀಟಲು ಅವರಲ್ಲಿ ಯಾರೂ ತಯಾರಿರಲಿಲ್ಲ.

ಮೇಷ್ಟ್ರು ನನ್ನನ್ನು ಯಾಕೆ ಕೂರಿಸಿಕೊಂಡರು ಎಂದು ಗೊತ್ತಾದದ್ದು ಆಮೇಲೆ.

"ನನ್ನ ಕಿವಿ ಹೋಗ್ತಾ ಇದೆ" ಎಂದರು ಒಂದು ದಿನ, ಕಾಫಿ ಲೋಟ ಕೆಳಗಿಡುತ್ತಾ. "ಮಾತಾದ್ರೆ ತುಟಿ ನೋಡಿ ತಿಳ್ಕೊಳ್ತೀನಿ. ಶ್ರುತಿಗೆ ತುಟಿ ಇಲ್ವಲ್ಲ."

"ಹಾಗಾದ್ರೆ ಹಾಡೋದು ಬಿಡಿ" ಎಂದೆ.

"ಬಿಟ್ಟು ಮನೇಲಿ ಕೂತು ಏನು ಮಾಡ್ಲಿ? ಮಾತಾಡೋಕೆ ಜನ ಇಲ್ಲ, ಇದ್ರೂ ಕೇಳ್ಸಲ್ಲ."

ಆವತ್ತು ನಮ್ಮಲ್ಲಿ ಒಂದು ಒಪ್ಪಂದವಾಯಿತು. ಬಲಗೈಯಲ್ಲಿ ತಂಬೂರಿ ಮೀಟುವುದು, ಎಡಗೈ ಅವರ ಶಾಲಿನ ಒಳಗೆ. ದನಿ ಶ್ರುತಿಯಿಂದ ಕೆಳಗಿಳಿದರೆ ಬೆನ್ನಿಗೆ ಒಂದು ಸಲ ಬೆರಳು ಒತ್ತಬೇಕು, ಮೇಲೇರಿದರೆ ಎರಡು ಸಲ. ಸರಿಯಿದ್ದರೆ ಮುಟ್ಟಬಾರದು. ಅವರ ಮನೆಯಲ್ಲಿ ನಾನು ಜಗಲಿ ದಾಟಿ ಒಳಗೆ ಹೋಗುವಂತಿರಲಿಲ್ಲ, ಆದರೆ ಬೆನ್ನಿಗೆ ಬೆರಳು ಇಡಬಹುದಿತ್ತು. ಮೂರು ವರ್ಷ ಹೀಗೇ ನಡೆಯಿತು. ಪಕ್ಕದಲ್ಲೇ ಕೂತು ಮೃದಂಗ ನುಡಿಸುತ್ತಿದ್ದ ಕಳಸದ ಸುಬ್ಬಣ್ಣನಿಗೂ ಗೊತ್ತಾಗಲಿಲ್ಲ. ಪಿಟೀಲಿನ ಹುಡುಗಿ ಮದುವೆಯಾಗಿ ಹೋದಮೇಲೆ ಪಿಟೀಲು ಇರಲೂ ಇಲ್ಲ.

ಆ ಮೂರನೇ ವರ್ಷ ಸಂಘದವರು ಅದೇ ಕೋಣೆಯಲ್ಲಿ ದಿನಾ ನಡೆಯುವ ಸಂಗೀತ ಶಾಲೆ ತೆರೆಯಲು ಹೊರಟರು. ಪಾಠಕ್ಕೆ ಮೇಷ್ಟ್ರನ್ನು ಇಡುವುದೋ, ಹಾಸನದಿಂದ ಬೇರೆಯವರನ್ನು ಕರೆಸುವುದೋ ಎಂದು ಮಾತು ಬಂತು. ಅಧ್ಯಕ್ಷರು ದೊಡ್ಡ ಎಸ್ಟೇಟಿನವರು, ಮೇಷ್ಟ್ರ ಮೇಲೆ ಗೌರವ ಇದ್ದವರೇ. ಆದರೂ ತಾವೊಬ್ಬರೇ ತೀರ್ಮಾನ ಮಾಡಬಾರದೆಂದು, ಸಂಗೀತ ಬಲ್ಲವರಿಬ್ಬರನ್ನು ಮೈಸೂರಿನಿಂದ ಕರೆಸಿದರು. ಅವರು ಕೂತು ಮೇಷ್ಟ್ರ ಕಚೇರಿ ಕೇಳಬೇಕು, ಕೇಳಿ ಹೇಳಬೇಕು. ಬೇರೆಯವರು ಬಂದರೆ ಕೋಣೆ ಅವರದ್ದು, ತಿಂಗಳ ಕಚೇರಿಯೂ ಅವರದ್ದು. ಮೇಷ್ಟ್ರು ಇಡೀ ತಿಂಗಳು ಬದುಕುತ್ತಿದ್ದದ್ದೇ ಆ ಒಂದು ಭಾನುವಾರಕ್ಕೆ.

ಆ ದಿನ ಅವರು ಮೂರು ಗಂಟೆಗೇ ಬಂದರು. ಏನೇನು ಹಾಡುವುದು ಎಂದು ಬರೆದ ಚೀಟಿಯನ್ನು ನನಗೆ ತೋರಿಸಿದರು. ಒಂದು ವರ್ಣ, ಆಮೇಲೆ ಮೋಹನ ರಾಗ, ಆಮೇಲೆ ದೊಡ್ಡದಾಗಿ ತೋಡಿ ರಾಗ, ಸಣ್ಣ ಹಾಡು ಎರಡು, ಮಂಗಳ.

"ಇವತ್ತು ತೂಕಡಿಸಬೇಡ ಮಾರಾಯ್ತಿ" ಎಂದರು.

"ನೀವು ನೆಟ್ಟಗೆ ಹಾಡಿದ್ರೆ ನಾನ್ಯಾಕೆ ತೂಕಡಿಸ್ಲಿ" ಎಂದೆ.

ನಕ್ಕರು. ಚೀಟಿ ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

ಜನ ಕಡಿಮೆಯೇ ಇದ್ದರು, ಇಪ್ಪತ್ತೈದು ಇರಬಹುದು. ತೋಟಕ್ಕೆ ನೀರು ಹಾಯಿಸುವ ಸಮಯ, ಹಲವರು ಪಂಪ್‌ಸೆಟ್ ಬಿಟ್ಟು ಬರುವ ಹಾಗಿರಲಿಲ್ಲ. ಮೈಸೂರಿನವರು ಮುಂದೆ ಕೂತರು. ಅಧ್ಯಕ್ಷರು ಚಾಪೆಯ ಅಂಚಿಗೆ ಟೇಪ್ ರೆಕಾರ್ಡರ್ ಇಟ್ಟರು. ನಾನು ಮೀಟಲು ಶುರು ಮಾಡಿದೆ. ಮೀಟುವಾಗ ನಾನು ಜನರ ಮುಖ ನೋಡುವುದಿಲ್ಲ. ಮೇಷ್ಟ್ರ ಶಾಲಿನ ನಡುವೆ ಕಣ್ಣಿಟ್ಟು ಕಿವಿಯನ್ನು ದನಿಗೆ ಕೊಡುತ್ತೇನೆ.

ವರ್ಣ ಶುರುವಾಯಿತು. ಬೆರಳು ಸಿದ್ಧವಾಗಿಟ್ಟುಕೊಂಡೆ. ಬೇಕಾಗಲಿಲ್ಲ. ದನಿ ಶ್ರುತಿಗೆ ಅಂಟಿಕೊಂಡ ಹಾಗೆ ಕೂತಿತ್ತು. ಮೋಹನದಲ್ಲಿ ಅವರು ಯಾವಾಗಲೂ ಇಳಿಯುವ ಜಾಗ ಒಂದಿದೆ. ಅಲ್ಲಿಯೂ ಇಳಿಯಲಿಲ್ಲ. ಇವತ್ತು ದೇವರು ಕಣ್ಣುಬಿಟ್ಟ ಎಂದುಕೊಂಡೆ. ತೋಡಿ ಹಾಡಿದರು. ಅಷ್ಟು ನಿಧಾನವಾಗಿ, ಅಷ್ಟು ತುಂಬಿದ ದನಿಯಲ್ಲಿ ಅವರು ಹಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮೇಲಿನ ಷಡ್ಜಕ್ಕೆ ಹೋಗಿ, ತಂಬೂರಿಯ ನಾಲ್ಕು ತಂತಿ ನಾಲ್ಕು ಸುತ್ತು ಬರುವವರೆಗೆ ಅಲ್ಲೇ ನಿಂತರು. ಮೃದಂಗವೂ ಹದವಾಗಿ ನಡೆಯುತ್ತಿತ್ತು. ಸಣ್ಣ ಹಾಡು ಎರಡೂ ಆದವು. ಮಂಗಳ ಶುರುವಾದಾಗ ನನ್ನ ಎಡಗೈ ಜೋಮು ಹಿಡಿದಿತ್ತು. ಇಡೀ ಕಚೇರಿಯಲ್ಲಿ ಒಂದು ಸಲವೂ ಬೆನ್ನು ಮುಟ್ಟದ ದಿನ ಅದೊಂದೇ.

ಆಗ ಯಾರೋ ನನ್ನ ಬಲಗೈ ಹಿಡಿದು ತಂತಿಯಿಂದ ಎಳೆದರು. ಸುಬ್ಬಣ್ಣ.

"ಯಾರಿಗೆ ಶ್ರುತಿ ಕೊಡ್ತಿದ್ದೀಯಾ ಮಾರಾಯ್ತಿ?"

ನೋಡಿದೆ. ನನ್ನ ಮುಂದೆ ಬರೀ ಚಾಪೆ. ಶಾಲಿನ ಒಳಗಿದ್ದ ನನ್ನ ಎಡಗೈ ಗಾಳಿಯಲ್ಲಿತ್ತು. ಜಮಖಾನದ ಮೇಲೆ ಒಬ್ಬರೂ ಇರಲಿಲ್ಲ. ಕಿಟಕಿಯ ಬೆಳಕು ಮಬ್ಬಾಗಿತ್ತು. ಮೃದಂಗ ಆಗಲೇ ಚೀಲದೊಳಗೆ ಹೋಗಿತ್ತು.

"ಮೇಷ್ಟ್ರು ಎಲ್ಲಿ?" ಎಂದೆ.

"ಕೆಳಗಿದಾರೆ. ಹಾಡೋದು ನಿಲ್ಸಿ ಒಂದು ಗಂಟೆ ಮೇಲಾಯ್ತು. ನಿಂಗೇನಾಯ್ತು?"

ಅವನು ಹೇಳಿದ್ದು ಇಷ್ಟು. ವರ್ಣದಿಂದಲೇ ದನಿ ಶ್ರುತಿ ಬಿಟ್ಟಿತ್ತು. ಮೋಹನಕ್ಕೆ ಬರುವಷ್ಟರಲ್ಲಿ ಕೇಳಲಾಗದಂತಾಯಿತು. ಮೈಸೂರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ಇಬ್ಬರೂ ನೆಲ ನೋಡಿದರು. ಮೇಷ್ಟ್ರಿಗೆ ಕಿವಿ ಇಲ್ಲದಿದ್ದರೂ ಕಣ್ಣಿತ್ತು, ಜನರ ಮುಖ ಕಂಡಿತು. ಅರ್ಧಕ್ಕೇ ನಿಲ್ಲಿಸಿ, ಕೆಮ್ಮಿ, ಎದ್ದರು. ಪಕ್ಕದ ಹೋಟೆಲಿನಿಂದ ಕಾಫಿ ತರಿಸುತ್ತೇನೆ ಎಂದು ಅಧ್ಯಕ್ಷರು ಎಲ್ಲರನ್ನೂ ಕೆಳಗೆ ಕರೆದುಕೊಂಡು ಹೋದರು. ನಾನು ಮೀಟುತ್ತಲೇ ಇದ್ದೆನಂತೆ. ಮೇಷ್ಟ್ರಿಗೆ ಹೀಗಾಯಿತಲ್ಲ ಎಂಬ ಬೇಸರಕ್ಕೆ ಕೂತಿದ್ದಾಳೆ ಎಂದುಕೊಂಡು ಯಾರೂ ಮಾತಾಡಿಸಲಿಲ್ಲವಂತೆ. ಕೆಳಗಿನವರೆಗೂ ತಂಬೂರಿ ಕೇಳುತ್ತಿತ್ತಂತೆ. ಬಸ್ಸಿನ ಹೊತ್ತಾಯಿತೆಂದು ಮೃದಂಗ ತೆಗೆದುಕೊಳ್ಳಲು ಬಂದ ಸುಬ್ಬಣ್ಣ ಎರಡು ಸಲ ಕರೆದು, ನಾನು ತಿರುಗದಿದ್ದಾಗ ಕೈ ಹಿಡಿದದ್ದು.

ನಿದ್ದೆ ಮಾಡಿದ್ದೆ ಎಂದು ನೀವೂ ಹೇಳುತ್ತೀರಿ. ನಿದ್ದೆಯಲ್ಲಿ ಬೆರಳು ತಪ್ಪುತ್ತದೆ, ತಂಬೂರಿ ವಾಲುತ್ತದೆ. ಒಂದು ಸುತ್ತೂ ತಪ್ಪಿರಲಿಲ್ಲ ಎಂದು ಸುಬ್ಬಣ್ಣನೇ ಹೇಳಿದ. ಅವನಿಗೆ ನನ್ನನ್ನು ಹೊಗಳುವ ಚಟವಿಲ್ಲ.

ಮೇಷ್ಟ್ರು ಮೆಟ್ಟಿಲ ಕೆಳಗೆ ಚೀಲ ಹಿಡಿದು ನಿಂತಿದ್ದರು. ನನ್ನನ್ನು ಕಂಡು, "ಯಾಕೆ ಮುಟ್ಟಲಿಲ್ಲ?" ಎಂದು ಮಾತ್ರ ಕೇಳಿದರು.

"ಮುಟ್ಟೋ ಹಾಗೆ ಏನೂ ಆಗ್ಲಿಲ್ಲ" ಎಂದೆ. ತುಟಿ ಕಾಣಲಿ ಎಂದು ಎದುರು ನಿಂತೇ ಹೇಳಿದೆ. ಅವರು ಬಸ್ಸು ಹತ್ತಿದರು.

ಶಾಲೆಗೆ ಹಾಸನದವರು ಬಂದರು. ಮೇಷ್ಟ್ರನ್ನು ಯಾರೂ ಬೈಯಲಿಲ್ಲ, ಕರೆಯಲೂ ಇಲ್ಲ. ನಾನು ಸುಮ್ಮನಿರಲಾರದೆ ಅಧ್ಯಕ್ಷರ ಬಂಗಲೆಗೆ ಹೋಗಿ, ಆವತ್ತಿನ ಟೇಪು ಒಮ್ಮೆ ಕೇಳಿಸಿ ಎಂದು ಕೇಳಿದೆ. ಒಳ್ಳೆಯ ಮನುಷ್ಯರು, ಜಗಲಿಯಲ್ಲಿ ಕೂರಿಸಿ ಹಾಕಿದರು. ಮೊದಲ ಸಾಲಿನಿಂದಲೇ ದನಿ ಶ್ರುತಿಯ ಕೆಳಗೆ ಬಿದ್ದಿತ್ತು. ಏಳುತ್ತದೆ, ಮತ್ತೆ ಬೀಳುತ್ತದೆ. ನನ್ನ ತಂಬೂರಿ ಸರಿಯಾಗಿತ್ತು. ನಾನು ಕೂತಲ್ಲೇ ಬೆರಳು ಒತ್ತುತ್ತಾ ಎಣಿಸಿದೆ, ಇಪ್ಪತ್ತರ ಮೇಲೆ ಬಿಟ್ಟೆ. ಆಮೇಲೆ ಹಾಡು ನಿಂತಿತು. ಒಂದು ಕೆಮ್ಮು, ಜನ ಏಳುವ ಸದ್ದು, ಮೆಟ್ಟಿಲ ಸದ್ದು. ಆಮೇಲೆ ಬರೀ ತಂಬೂರಿ, ಟೇಪು ಮುಗಿದು ಗುಂಡಿ ಮೇಲೆ ಹಾರುವವರೆಗೆ.

"ಆಫ್ ಮಾಡೋದು ಮರ್ತಿದ್ದೆ" ಎಂದರು ಅಧ್ಯಕ್ಷರು. ಅವರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಇದೇ ತಂಬೂರಿಯ ಮೇಲೆ ನಾನು ಇಡೀ ತೋಡಿ ಕೇಳಿದ್ದೆ.

ಮಳೆ ಹಿಡಿಯುವ ಮುಂಚೆ ಒಂದು ಮಧ್ಯಾಹ್ನ ಮೇಷ್ಟ್ರು ನಮ್ಮ ಮನೆ ಹುಡುಕಿಕೊಂಡು ಬಂದರು. ಅದೇ ಮೊದಲು, ಅದೇ ಕೊನೆ. ಮೈ ಅರ್ಧ ಇಳಿದಿತ್ತು. ಒಳಗೆ ಬಂದು ಬೆಂಚಿನ ಮೇಲೆ ಕೂತರು, ಕೊಟ್ಟ ನೀರು ಕುಡಿದರು.

"ಆವತ್ತು ನಿಂಗೆ ಕೇಳಿಸಿದ್ದು ಏನು, ಹೇಳು" ಎಂದರು. ನನಗೆ ಕೇಳಿಸಿದ್ದನ್ನು ಆವತ್ತೇ ಸುಬ್ಬಣ್ಣನಿಗೆ ಹೇಳಿದ್ದೆ, ಅವನು ಮೇಷ್ಟ್ರಿಗೆ ಹೇಳಿಬಿಟ್ಟಿದ್ದ.

ಹೇಳಿದೆ. ಕಿವಿ ಮುಕ್ಕಾಲು ಹೋಗಿತ್ತು, ತುಟಿ ನೋಡುವ ಕಣ್ಣೂ ಮಂಜಾಗಿತ್ತು. ಪ್ರತಿಯೊಂದನ್ನೂ ಕಿರುಚಿಯೇ ಹೇಳಬೇಕಾಯಿತು. ಲಲಿತ ಬೇಲಿಯ ಹತ್ತಿರ ಬಂದು ನಿಂತಳು.

"ತೋಡೀಲಿ ಮೇಲಿನ ಷಡ್ಜಕ್ಕೆ ಹೋದೆನಾ?"

"ಹೋದ್ರಿ."

"ನಿಂತೆನಾ?"

"ನಿಂತ್ರಿ. ನಾಲ್ಕು ಸುತ್ತು."

"ಅಲ್ಲಿಂದ ಹೇಗೆ ಇಳಿದೆ?"

ಹೇಗೆ ಇಳಿದರು ಎಂಬುದು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. ಅದನ್ನು ಮಾತಿನಲ್ಲಿ ಹೇಗೆ ಹೇಳುವುದು.

"ಹಾಡಿ ತೋರಿಸು" ಎಂದರು.

"ನಂಗೆ ಹಾಡೋಕೆ ಬರಲ್ಲ ಮೇಷ್ಟ್ರೇ."

"ಬಂದಷ್ಟು ಹಾಡು."

ನನ್ನದು ಕಣದಲ್ಲಿ ಕೂಗಿ ಒಡೆದ ಗಂಟಲು. ಆದರೂ ಬಾಯಿ ತೆರೆದೆ. ಹೊರಬಂದದ್ದು ನನಗೇ ಕೇಳಲಾಗಲಿಲ್ಲ, ಎರಡು ಸ್ವರಕ್ಕೆ ನಿಲ್ಲಿಸಿದೆ. ಅವರು ಎದ್ದು ಬಂದು ನನ್ನ ಗಂಟಲಿಗೆ ಎರಡು ಬೆರಳು ಇಟ್ಟು, "ಹೂಂ, ಮುಂದೆ" ಎಂದರು. ನಾನು ಮುಂದೆ ಹಾಡಲಿಲ್ಲ. ಸುಳ್ಳು ಸ್ವರ ಕೊಡುವುದಕ್ಕಿಂತ ಸುಮ್ಮನಿರುವುದು ವಾಸಿ ಎನ್ನಿಸಿತು. ಅವರು ಬೆರಳು ತೆಗೆದು, ಕೊಡೆ ಎತ್ತಿಕೊಂಡು ಹೋದರು. ಆ ಮಳೆಗಾಲದಲ್ಲೇ ತೀರಿಕೊಂಡರು.

ಅದು ಏನು ಎಂದು ನನಗೆ ಈಗಲೂ ಗೊತ್ತಿಲ್ಲ. ಡಾಕ್ಟರಿಗೆ ಕಿವಿ ತೋರಿಸಿದೆ, ಚೆನ್ನಾಗಿದೆ ಎಂದರು. ನನ್ನಿಂದ ಅವರು ಕೆಟ್ಟರು ಎಂಬುದು ನಿಜ, ಅದನ್ನು ಯಾರ ಮೇಲೂ ಹಾಕುವುದಿಲ್ಲ. ಆ ತೋಡಿಯನ್ನು ಯಾರು ಹಾಡಿದರು, ನನಗೊಬ್ಬಳಿಗೇ ಯಾಕೆ ಹಾಡಿದರು, ತಿಳಿಯದು. ಈಗ ನನಗೂ ವಯಸ್ಸಾಯಿತು. ನಾನು ಹೋದರೆ ಅದನ್ನು ಕೇಳಿದವರು ಒಬ್ಬರೂ ಉಳಿಯುವುದಿಲ್ಲ.