ಮುಂಬಾಗಿಲಿಲ್ಲದೆ ಹೊರಟ ಮನೆ

ಎರಡು ವರ್ಷಗಳ ಹಿಂದೆ ನಾನು ಯಲಹಂಕದ ಆಚೆಗಿನ ಸಿದ್ಧ ಕಟ್ಟಡಗಳನ್ನು ತಯಾರಿಸುವ ಒಂದು ಪ್ರಿಫ್ಯಾಬ್ ಕಾರ್ಖಾನೆಯಲ್ಲಿ ಗುಣಮಟ್ಟ ತಪಾಸಣೆಯ ಎಂಜಿನಿಯರ್ ಆಗಿದ್ದೆ. ಸೇರಿ ಹದಿನಾಲ್ಕು ತಿಂಗಳಾಗಿತ್ತು. ಅಲ್ಲಿಯವರೆಗೆ ನಾವು ತಯಾರಿಸಿದ್ದೆಲ್ಲ ಸೈಟ್ ಆಫೀಸು, ಕಾರ್ಮಿಕರ ಶೆಡ್ಡು, ಎರಡು ಕ್ಲಿನಿಕ್ಕು. ವಾಸದ ಮನೆಗೆಂದು ಬಂದ ಮೊದಲ ಆರ್ಡರು ಯಲಹಂಕದ ಹತ್ತಿರದ ಸಿಂಗಾಪುರ ಎಂಬ ಹಳ್ಳಿಯ ಮುನಿರಾಜು ಅವರದು. ಅವರ ಹೊಲವಿದ್ದ ಕಡೆ ಈಗ ಬಡಾವಣೆ. ಉಳಿಸಿಕೊಂಡ ಸೈಟಿನಲ್ಲಿ ತಾಯಿ ನಂಜಮ್ಮನವರೊಂದಿಗೆ ಇರಲು ಅವರಿಗೊಂದು ಮನೆ ಬೇಕಿತ್ತು. ಪಕ್ಕದ ಎರಡು ಖಾಲಿ ಸೈಟು ತಮ್ಮಂದಿರವು. ಅವರು ಅಣ್ಣನ ಮನೆ ನೋಡಿ ತೀರ್ಮಾನಿಸುವವರಿದ್ದರು.

ಮನೆ ನಾಲ್ಕು ಮಾಡ್ಯೂಲುಗಳದ್ದು. ಮಾಡ್ಯೂಲ್ ಎಂದರೆ ಗೋಡೆ, ವೈರಿಂಗ್, ಟೈಲ್ಸ್, ಕಿಟಕಿ ಸಮೇತ ಕಾರ್ಖಾನೆಯಲ್ಲೇ ಸಿದ್ಧವಾಗುವ ಉಕ್ಕಿನ ಕೋಣೆ. ಲಾರಿಯಲ್ಲಿ ಒಯ್ದು, ಕ್ರೇನಿನಿಂದ ತಳಪಾಯದ ಮೇಲೆ ಇಳಿಸಿ, ಬೋಲ್ಟ್ ಬಿಗಿಯುತ್ತೇವೆ. ನನ್ನ ಡೈರಿಯ ಪ್ರಕಾರ ಮೂವತ್ತೊಂದನೆಯ ದಿನ ಕೆಲಸ ಮುಗಿಯಿತು. ಸಾಗಣೆಗೆ ಒಂಬತ್ತು ದಿನ ಉಳಿದಿದ್ದಾಗ ಮನೆಯವರನ್ನು ನೋಡಲು ಕರೆದೆವು.

ನಂಜಮ್ಮ ಟೈಲ್ಸ್ ನೋಡಲಿಲ್ಲ. ಮುಂಬಾಗಿಲಿನ ಚೌಕಟ್ಟು ಮುಟ್ಟಿ ನಿಂತರು.

"ಇದನ್ನ ಯಾವತ್ತು ನಿಲ್ಸುದ್ರಪ್ಪಾ?"

ನಾನು ಡೈರಿ ತಿರುವಿ, "ಹನ್ನೆರಡನೇ ದಿನ, ಅಜ್ಜಿ," ಎಂದೆ.

"ಪೂಜೆ?"

ಮನೆ ಕಟ್ಟುವಾಗ ಮುಂಬಾಗಿಲಿನ ಚೌಕಟ್ಟನ್ನು ಒಳ್ಳೆಯ ಗಳಿಗೆ ನೋಡಿ, ಅದರಡಿ ನವಧಾನ್ಯ ಹಾಕಿ, ಮನೆಯವರೇ ಕೈಹಿಡಿದು ನಿಲ್ಲಿಸುತ್ತಾರೆ. ನಮ್ಮ ಅರವತ್ತನಾಲ್ಕು ಅಂಶಗಳ ತಪಾಸಣಾ ಪಟ್ಟಿಯಲ್ಲಿ ಅದು ಇರಲಿಲ್ಲ.

ನಮ್ಮ ಸೂಪರ್‌ವೈಸರ್ ಶಫಿ ನಗುತ್ತಾ, "ಅದಕ್ಕೇನಜ್ಜಿ, ಪುರೋಹಿತ್ರನ್ನ ಇಲ್ಲಿಗೇ ಕರ್ಸಿ. ಟೀ ನಮ್ದು," ಎಂದರು.

"ಮಗಳ ಧಾರೆನ ಬಸ್‌ಸ್ಟ್ಯಾಂಡಲ್ಲಿ ಎರೀತಿಯೇನಪ್ಪಾ ನೀನು? ಇಂಗೆ ಗಾಳೀಲಿ ನಿಂತಿರೋ ಬಾಗ್ಲಿಗೆ ಏನಂತ ಪೂಜೆ ಮಾಡ್ಲಿ?"

ಹೊರಡುವಾಗ ಮುನಿರಾಜು ನನ್ನನ್ನು ಪಕ್ಕಕ್ಕೆ ಕರೆದರು. "ನಂಗೆ ಇದೆಲ್ಲ ಅಷ್ಟಿಲ್ಲ ಕಣ್ರೀ. ಆದ್ರೆ ಅಮ್ಮ ಕಾಲಿಡದ ಮನೆ ಇಟ್ಕೊಂಡು ನಾನೇನ್ ಮಾಡ್ಲಿ? ನೀವೇ ಇಟ್ಕೊಂಬಿಡಿ."

ಸೈಟಿನಲ್ಲೇ ಪೂಜೆ ಮಾಡಿ ಹೊಸದನ್ನು ನಿಲ್ಲಿಸಲು ಈ ಚೌಕಟ್ಟು ತೆಗೆಯೋಣವೆಂದರೆ ವಿನ್ಯಾಸ ವಿಭಾಗದವರು ಒಪ್ಪಲಿಲ್ಲ. ಅದು ಗೋಡೆಯ ಉಕ್ಕಿಗೆ ವೆಲ್ಡ್ ಆಗಿತ್ತು. ಅದಿಲ್ಲದೆ ಕ್ರೇನ್ ಎತ್ತಿದರೆ ಬಾಗಿಲ ಜಾಗ ಓರೆಯಾಗುತ್ತದೆ ಎಂದರು. ಅವರ ಮಾತು ಸರಿಯಾಗಿತ್ತು. ಶಫಿ ಗಡ್ಡ ಕೆರೆದುಕೊಂಡು, "ಕಟ್ ಮಾಡಿ, ಒಳಗೆ ಕತ್ರಿ ಥರ ಎರಡು ಪೈಪ್ ಕೊಟ್ಟು ಎತ್ತಿ ನೋಡೋಣ ಗುರು. ಓರೆ ಆದ್ರೆ ಆಗ್ಲಿ, ಗೊತ್ತಾಗುತ್ತಲ್ಲ," ಎಂದರು. ಎತ್ತಿ ಇಳಿಸಿ ಮೂಲೆಯಿಂದ ಮೂಲೆಗೆ ಅಳೆದೆವು. ಎರಡು ಕರ್ಣಗಳ ನಡುವೆ ಏಳು ಮಿಲಿಮೀಟರ್ ವ್ಯತ್ಯಾಸ. ಮಿತಿ ಮೂರು. ದಪ್ಪ ಪೈಪು ಹಾಕಿ ಮತ್ತೆ ಎತ್ತಿದೆವು. ಎರಡು ಬಂತು.

ಆದರೆ 'ಗಾಳೀಲಿ' ಎಂಬ ಮಾತು ನನ್ನನ್ನು ಬಿಡಲಿಲ್ಲ. ಸೈಟಿನಲ್ಲಿ ನಿಲ್ಲಿಸಿದರೂ ಹೊಸ್ತಿಲು ಕೂರುವುದು ಮಾಡ್ಯೂಲಿನ ಉಕ್ಕಿನ ತಳದ ಮೇಲೆಯೇ, ನೆಲದ ಮೇಲಲ್ಲ. ಆ ಭಾಗದ ತಳವನ್ನು ಕತ್ತರಿಸಿ, ಸುತ್ತ ಬಲಪಡಿಸಿ, ಹೊಸ್ತಿಲು ನೇರವಾಗಿ ತಳಪಾಯದ ಮೇಲೆ ಕೂರುವಂತೆ ಮಾಡಿದೆವು. ತೇಗದ ಚೌಕಟ್ಟು ಮಾಡಲು ಮನೆಯವರ ಬಡಗಿ ಚಂದ್ರಾಚಾರಿಗೆ ನಾನೇ ಅಳತೆ ಕಳಿಸಿದೆ.

ಮುಹೂರ್ತ ಬೆಳಗ್ಗೆ ಒಂಬತ್ತರಿಂದ ಐವತ್ತು ನಿಮಿಷ. ಮನೆ ಹಿಂದಿನ ದಿನವೇ ಇಳಿದಿತ್ತು. ಪೈಪು ಬಿಚ್ಚಿದೆವು. ನಾಲ್ವರು ಚೌಕಟ್ಟು ಎತ್ತಿ ತಂದರು. ಅದು ಬಾಗಿಲ ಜಾಗದೊಳಗೆ ಹೋಗಲಿಲ್ಲ.

ಚಂದ್ರಾಚಾರಿ ಟೇಪು ಹಿಡಿದು, ನನ್ನತ್ತ ನೋಡಿದರು. "ಜಾಗ ಸಾವಿರದ ಅರವತ್ತು ಮಿಲಿಮೀಟ್ರು. ಚೌಕಟ್ಟೂ ಸಾವಿರದ ಅರವತ್ತೇ ಬರ್ದಿದೀರ. ಸಂದು ಬಿಟ್ಟು ಬರ್ದಿದೀರ ಅನ್ಕೊಂಡೆ ನಾನು. ಕಬ್ಬಿಣದೋರ ಕೈಗೆ ಮರ ಸಿಕ್ಕುದ್ರೆ ಇದೇ ಗತಿ!"

ತಪ್ಪು ನನ್ನದೇ. ನಂಜಮ್ಮ ಧಾನ್ಯದ ತಟ್ಟೆ ಹಿಡಿದು ನಿಂತೇ ಇದ್ದರು. ತಮ್ಮಂದಿರು ನನ್ನ ಮುಖ ನೋಡುತ್ತಿದ್ದರು. ಚಂದ್ರಾಚಾರಿ ಮರ ಹೆರೆಯುವ ತೋಪಡ ತೆಗೆದು ಎರಡೂ ಬದಿ ಸವರತೊಡಗಿದರು. ಅಂಗಳದ ತುಂಬ ಮರದ ಸುರುಳಿ. ನಾನು ಗಡಿಯಾರ ನೋಡುತ್ತಾ ನಿಂತೆ. ಚೌಕಟ್ಟು ಅಳತೆಗೆ ಹೊಂದಿದಾಗ ಹನ್ನೊಂದು ನಿಮಿಷ ಉಳಿದಿತ್ತು.

ನಾಲ್ವರು ಚೌಕಟ್ಟನ್ನು ತುಸು ಎತ್ತಿ ಹಿಡಿದಾಗ ನಂಜಮ್ಮ ಬಗ್ಗಿ, ಹೊಸ್ತಿಲಡಿ ಕೈ ತೂರಿಸಿ ತಳಪಾಯ ಮುಟ್ಟಿ ನೋಡಿದರು. ಆಮೇಲೆ ಧಾನ್ಯ ಹಾಕಿ, ಮಕ್ಕಳ ಜೊತೆ ಕೈಹಿಡಿದು ಚೌಕಟ್ಟು ನಿಲ್ಲಿಸಿದರು. "ಇವಾಗ ಸರಿಹೋಯ್ತು," ಎಂದು ಬಲಗಾಲಿಟ್ಟು ಒಳಗೆ ಹೋದರು. ಆ ವರ್ಷವೇ ಒಬ್ಬ ತಮ್ಮನ ಆರ್ಡರು ಬಂತು. ಇನ್ನೊಬ್ಬರು ಇಟ್ಟಿಗೆಯಲ್ಲೇ ಕಟ್ಟಿಸಿದರು.

ಎಲ್ಲವನ್ನೂ ಕಾರ್ಖಾನೆಯಲ್ಲೇ ಮುಗಿಸುವುದು ಈ ಉದ್ಯಮದ ಬಲವೆಂದು ನಾನು ಕಲಿತು ಬಂದಿದ್ದೆ. ಯಾವುದನ್ನು ಮುಗಿಸದೆ ಬಿಡಬೇಕೆಂದು ತಿಳಿಯುವುದೂ ತಯಾರಿಕೆಯೇ ಎಂದು ಆ ಮನೆ ಕಲಿಸಿತು. ಈಗ ಮನೆಯ ಆರ್ಡರು ಬಂದಾಗ, ನಿಮ್ಮ ಕೈಯಿಂದಲೇ ಆಗಬೇಕಾದದ್ದೇನು ಎಂದು ಮೊದಲು ಕೇಳುತ್ತೇನೆ. ಹೋದ ತಿಂಗಳು ಅಮೃತಹಳ್ಳಿಯ ಒಬ್ಬ ತಾಯಿ, ಅಡುಗೆ ಕಟ್ಟೆಯ ಎತ್ತರವನ್ನು ತಾವೇ ನಿಂತು ಹೇಳಬೇಕು ಎಂದರು. ಆ ಗೋಡೆಯನ್ನು ಖಾಲಿ ಬಿಟ್ಟಿದ್ದೇವೆ.