ಅಕ್ಕ ಹಚ್ಚಿದ ನೆರಳು

ನಾನು ಬನಹಟ್ಟಿಯ ನೇಕಾರರ ಮನೆಯ ಮಗಳು. ನಮ್ಮ ಓಣಿಯಲ್ಲಿ ಬೆಳಗಾದರೆ ಪಾವರ್‌ಲೂಮಿನ ಸದ್ದು. ಮಾತಾಡಬೇಕೆಂದರೆ ಕಿವಿಯ ಹತ್ತಿರ ಬಾಯಿ ಒಯ್ಯಬೇಕು. ಇಡೀ ಓಣಿಗೆ ಇದ್ದದ್ದು ಒಂದೇ ಬೇವಿನ ಗಿಡ. ಹಾಗಾಗಿ ಗಲಗಲಿಯ ಒಕ್ಕಲುತನದ ಮನೆಗೆ ಸೊಸೆಯಾಗಿ ಬಂದು, ಹೊಳೆಯ ಕಡೆಗಿದ್ದ ತೆಂಗಿನ ತೋಟದೊಳಗೆ ಮೊದಲ ಸಲ ಕಾಲಿಟ್ಟಾಗ ನನಗೆ ಯಾವ ಗಿಡ ಯಾವುದೆಂದು ತಿಳಿಯಲಿಲ್ಲ. ಹೇಳಿಕೊಟ್ಟವಳು ಅಕ್ಕ. ಗಂಡನ ಅಣ್ಣನ ಹೆಂಡತಿ ಅವಳು. ನನಗಿಂತ ಬಹಳ ಮೊದಲೇ ಆ ಮನೆಗೆ ಬಂದಿದ್ದಳು.

ತೆಂಗು ಬಿಟ್ಟರೆ ತೋಟದ ಗಿಡಗಳೆಲ್ಲ ಅವಳೇ ಹಚ್ಚಿದವು. ಊರೆಲ್ಲ ಕಬ್ಬಿಗಾಗಿ ಬದುವಿನ ಗಿಡ ಕಡಿಯುತ್ತಿದ್ದಾಗ, ಅವಳು ತೆಂಗು ಸತ್ತು ಖಾಲಿಯಾದ ಜಾಗದಲ್ಲೆಲ್ಲ ಒಂದೊಂದು ಸಸಿ ಇಡುತ್ತ ಹೋಗಿದ್ದಳು. ಯಾರೋ ನೇರಳೆ ಹಣ್ಣು ಕೊಟ್ಟರೆ ತಿಂದು ಬೀಜ ಸೆರಗಿನಲ್ಲಿ ಕಟ್ಟಿಕೊಳ್ಳುವಳು. ದನದ ಕೊಟ್ಟಿಗೆಯ ಹಿಂದೆ ಹಾಲಿನ ಖಾಲಿ ಚೀಲಗಳಲ್ಲಿ ಮಣ್ಣು ತುಂಬಿ ಹೊಂಗೆ, ಹುಣಸೆ, ಅತ್ತಿ, ಸೀತಾಫಲ ಎಬ್ಬಿಸುವಳು. ಮಾವನವರಿಗೆ ಇದು ಸೇರುತ್ತಿರಲಿಲ್ಲ. "ಗಿಡದ ನೆರಳಾಗ ಏನ ಬೆಳಿತೈತಿ?" ಎಂದು ಗೊಣಗುತ್ತಿದ್ದರು. ಅವಳು ಮರುದಿನ ಇನ್ನೊಂದು ಸಸಿ ಒಯ್ಯುತ್ತಿದ್ದಳು.

ಮಾವನವರು ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಬೇರೆಯಾದರು. ಕಬ್ಬಿನ ಹೊಲ ಭಾವನವರಿಗೆ, ತೋಟ ನಮಗೆ. ಹಿರಿಯರು ಪಡಸಾಲೆಯಲ್ಲಿ ಕುಳಿತು ತೀರ್ಮಾನ ಮಾಡಿದರು, ನಾವಿಬ್ಬರೂ ಹೆಂಗಸರು ಒಳಗೆ ಚಹಾ ಸೋಸುತ್ತಿದ್ದೆವು. ಮನೆಯ ನಡುವೆ ಗೋಡೆ ಎದ್ದಿತು. ಅಕ್ಕ ನನಗೆ ಹೇಳಿದ್ದು ಇಷ್ಟೇ: "ಬ್ಯಾಸಗ್ಯಾಗ ಸಣ್ಣ ಗಿಡಕ್ಕ ನೀರ ಬಿಡೂದು ಮರೀಬ್ಯಾಡ." ಆಮೇಲೆ ಅವಳು ತೋಟಕ್ಕೆ ಬರಲಿಲ್ಲ. ಗಂಡಸರ ನಡುವೆ ಬಿರುಸು ಮಾತುಗಳಾಗಿದ್ದವು, ಹೀಗಾಗಿ ನಮ್ಮ ಮಾತೂ ಹಬ್ಬ ಹುಣ್ಣಿಮೆಗಷ್ಟೇ ಉಳಿಯಿತು.

ಕೋಕೋ ಹಾಕಿದ್ದು ನನ್ನ ಗಂಡ. ರೈತರ ಪ್ರವಾಸದಲ್ಲಿ ಕರಾವಳಿ ಕಡೆ ಹೋಗಿ ಬಂದವರು ಸಸಿಗಳನ್ನು ತಂದು ತೆಂಗಿನ ಸಾಲಿನ ನಡುವೆ ಇಟ್ಟರು. ನಮ್ಮ ಬಿಸಿಲಿಗೆ ಇದು ತಡೆಯುವುದಿಲ್ಲವೆಂದು ಊರವರು ನಕ್ಕರು. ಅದೇ ಪ್ರವಾಸಕ್ಕೆ ಹೋಗಿದ್ದ ಇನ್ನೊಬ್ಬರು ಬರೀ ತೆಂಗು ಇದ್ದ ತಮ್ಮ ತೋಟದಲ್ಲಿ ಹಾಕಿದ್ದರು. ಏಪ್ರಿಲ್‌ ಬರುವಷ್ಟರಲ್ಲಿ ಅವರ ಕೋಕೋ ಎಲೆಗಳು ಅಂಚಿನಿಂದ ಸುಟ್ಟು ಚಹಾಪುಡಿಯ ಬಣ್ಣಕ್ಕೆ ತಿರುಗಿದವು. ನಮ್ಮವು ಉಳಿದವು. ಬೇವು ಎಲೆ ಉದುರಿಸಿ ಬರಿದಾದಾಗ ನೇರಳೆ ದಟ್ಟವಾಗಿರುತ್ತಿತ್ತು. ಹೊಂಗೆ ಬೋಳಾಗುವ ಹೊತ್ತಿಗೆ ಬೇವು ಚಿಗುರುತ್ತಿತ್ತು. ಒಂದೇ ಸಲ ಎಲ್ಲ ಗಿಡ ಬರಿದಾಗುವ ಕಾಲವೇ ಇರಲಿಲ್ಲ. ಕೆಲವು ವರ್ಷಗಳಲ್ಲಿ ಕೋಕೋ ಕಾಂಡಕ್ಕೇ ಅಂಟಿಕೊಂಡು ಹಳದಿ ಕಾಯಿಗಳು ತೂಗಿದವು.

ಆಗ ಒಂದು ತೋಟಗಾರಿಕೆ ಕಾಲೇಜಿನಿಂದ ಮೇಷ್ಟ್ರೊಬ್ಬರು ವಿದ್ಯಾರ್ಥಿಗಳನ್ನು ಕರೆದುಕೊಂಡು ಬಂದರು. ಗಿಡಗಳು ಗಾಳಿಯಿಂದ ಎಳೆದುಕೊಂಡ ಕಾರ್ಬನ್ ಎಷ್ಟು ಕೂಡಿಟ್ಟಿವೆ ಎಂದು ಅಳೆಯುವುದು ಅವರ ಕೆಲಸ. ಪ್ರತಿ ಗಿಡದ ಬೊಡ್ಡೆಗೂ ಎದೆಮಟ್ಟದಲ್ಲಿ ಟೇಪು ಸುತ್ತಿದರು, ಎತ್ತರ ನೋಡಿದರು, ಗುಂಡಿ ತೋಡಿ ಬೇರೆ ಬೇರೆ ಆಳದ ಮಣ್ಣು ತುಂಬಿಕೊಂಡರು. ನೆಲದ ಮೇಲೆ ಕಟ್ಟಿಗೆಯ ಚೌಕಟ್ಟು ಇಟ್ಟು ಅದರೊಳಗಿನ ತರಗೆಲೆಯನ್ನೆಲ್ಲ ಬಳಿದು ತೂಕ ಮಾಡಿದರು. ನಾನು ಚಹಾ ಒಯ್ದಾಗ ಒಬ್ಬ ಹುಡುಗಿ ನಗುತ್ತ ಹೇಳಿದಳು: "ಅಕ್ಕಾರ, ನಿಮ್ಮ ಕೋಕೋದಾಗ ಕಾರ್ಬನ್ ಭಾಳ ಇಲ್ರಿ. ಅದು ಸಣ್ಣ ಗಿಡ. ಖರೆ ಗಂಟು ಇರೂದು ಈ ದೊಡ್ಡ ಗಿಡದಾಗ, ಮತ್ತ ಮಣ್ಣಾಗ. ಒಂದಕ್ಕೊಂದು ಬ್ಯಾರೆ ಗಿಡ ಇದ್ದಷ್ಟೂ ಛಲೋ. ಒಂದರ ಬೇರು ಮ್ಯಾಲ, ಒಂದರದು ಆಳಕ್ಕ. ಒಂದರ ಎಲಿ ಲಗೂನ ಕೊಳಿತೈತಿ, ಇನ್ನೊಂದರದು ತಡಾ ಮಾಡ್ತೈತಿ."

ಮೇಷ್ಟ್ರು ನೇರಳೆಯ ಕೆಳಗೆ ನಿಂತು ಸುತ್ತ ನೋಡಿ ಕೇಳಿದರು: "ಇಷ್ಟ ನಮೂನಿ ಗಿಡಾ ಹಚ್ಚಿದವ್ರು ಯಾರ್ರಿ?"

"ನಮ್ಮ ಮನಿಯಾಕೀರಿ," ಎಂದರು ನನ್ನ ಗಂಡ, ತಡವರಿಸದೆ.

"ನಾನಲ್ರಿ ಸರ್, ನಮ್ಮ ಅಕ್ಕಾರು," ಎಂದೆ. ಮೇಷ್ಟ್ರು ನನ್ನತ್ತ ನೋಡಿ ಸಮಾಧಾನದಿಂದ ನಕ್ಕರು. ಸಂಕೋಚದ ಹೆಣ್ಣುಮಗಳು, ಹೊಗಳಿಕೆ ಬೇಡವೆನ್ನುತ್ತಿದ್ದಾಳೆ ಎಂದುಕೊಂಡಿರಬೇಕು. ಅಷ್ಟರಲ್ಲಿ ಹುಡುಗರು ಮುಂದಿನ ಗಿಡದಿಂದ ಅಳತೆ ಕೂಗಿದರು, ಅವರು ಆ ಕಡೆ ನಡೆದರು.

ಮಳೆಗಾಲ ಮುಗಿಯುವ ಹೊತ್ತಿಗೆ ಅನಗವಾಡಿಯಲ್ಲಿ ರೈತರ ಕಾರ್ಯಕ್ರಮವಿದೆ, ಅಲ್ಲಿ ನನಗೆ ಸನ್ಮಾನವಿದೆ ಎಂಬ ಸುದ್ದಿ ಬಂತು. ನಾನು ಗಾಬರಿಯಿಂದ ಬೇಡವೆನ್ನುವಷ್ಟರಲ್ಲಿ ನಮ್ಮ ಊರಿನ ಬಸ್ ನಿಲ್ದಾಣದ ಎದುರು ಫ್ಲೆಕ್ಸ್ ಎದ್ದಿತ್ತು. ಯಾವುದೋ ಮದುವೆಯಲ್ಲಿ ಇಳಕಲ್ ಸೀರೆಯುಟ್ಟು ತೆಗೆಸಿಕೊಂಡ ನನ್ನ ಫೋಟೋ, ಎಮ್ಮೆಯಷ್ಟು ದೊಡ್ಡದು. ಕೆಳಗೆ "ಕಾರ್ಬನ್ ಕೂಡಿಟ್ಟ ರೈತ ಮಹಿಳೆ" ಎಂದು ಕೆಂಪಕ್ಷರ. ಕಿರಾಣಿ ಅಂಗಡಿಯವನು ಬೆಲ್ಲ ಕಟ್ಟಿಕೊಡುತ್ತ, "ಕಾರ್ಬನ್ ಎಲ್ಲಿ ಇಟ್ಟೀರಿ ವೈನಿ, ಜ್ವಾಳ ತುಂಬೂ ಹಗೇವದಾಗೋ ಟ್ರಂಕಿನ್ಯಾಗೋ?" ಎಂದು ಕೇಳಿದ. ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ಬೆಲ್ಲ ತೆಗೆದುಕೊಂಡು ಸರಸರ ಮನೆಗೆ ನಡೆದೆ.

ಮರುದಿನ ಬಸ್ ನಿಲ್ದಾಣದ ಪಕ್ಕದ ಗಿರಣಿಯಲ್ಲಿ ಜೋಳ ಹಾಕಿ ನಿಂತಿದ್ದೆ. ಅಕ್ಕ ಮೇವಿನ ಹೊರೆ ಹೊತ್ತು ಆ ದಾರಿಯಲ್ಲಿ ಬಂದಳು. ಫ್ಲೆಕ್ಸಿನ ಕೆಳಗೆ ನಿಂತಳು. ಹೊರೆ ಜಾರದಂತೆ ಒಂದು ಕೈಯಿಂದ ಹಿಡಿದು, ಕತ್ತೆತ್ತಿ ಪೂರ್ತಿ ಓದಿದಳು. ಆಮೇಲೆ ಹೊರೆ ಸರಿಮಾಡಿಕೊಂಡು ನಡೆದಳು. ನಾನು ಗಿರಣಿಯ ಕಂಬದ ಹಿಂದೆ ಸರಿದುಕೊಂಡೆ. ಸ್ವಂತ ಊರಿನಲ್ಲಿ ಕಳ್ಳಿಯ ಹಾಗೆ ನಿಂತಿದ್ದೇನಲ್ಲ ಎನ್ನಿಸಿ ಕಣ್ಣಲ್ಲಿ ನೀರು ಬಂತು. ಹಿಟ್ಟು ಹಾರಿದೆ ಎನ್ನುತ್ತ ಒರೆಸಿಕೊಂಡೆ.

ಮನೆಗೆ ಬಂದವಳೇ ಗಂಡನಿಗೆ ಹೇಳಿದೆ: "ಆ ಬ್ಯಾನರ್ ತಗಸ್ರಿ."

"ಹುಡುಗ್ರು ಪ್ರೀತಿಲೆ ಕಟ್ಯಾರ. ತಗಸಿದ್ರ ಅವ್ರ ಮನಸಿಗೆ ಹತ್ತತೈತಿ."

"ಹಚ್ಚಿದವ್ರು ಅಕ್ಕಾರು. ಹೆಸರ ಅವ್ರದು ಇರಬೇಕಿತ್ತು."

"ತ್ವಾಟ ಯಾರದು ಈಗ?"

"ನಾ ತ್ವಾಟದ ಮಾತ ಆಡಾಕತ್ತಿಲ್ಲ."

ಅವರು ಚಪ್ಪಲಿ ಮೆಟ್ಟುತ್ತ ನಿಂತರು. ಅತ್ತಿಗೆಯ ಮಾತೆತ್ತಿ, ದನಿ ತಗ್ಗಿಸಿ ಹೇಳಿದರು: "ವೈನಿ ಹಚ್ಯಾರಂತ ಮಂದ್ಯಾಗ ಒಪ್ಪಿದ್ರ, ನಾಳೆ ಅಣ್ಣ ಗಿಡದಾಗೂ ಪಾಲ ಕೇಳ್ತಾನ." ಅವರ ಭಯ ನನಗೆ ಆಗ ತಿಳಿಯಿತು. ತಿಳಿದದ್ದಕ್ಕೆ ನಾಚಿಕೆ ಇನ್ನೂ ಹೆಚ್ಚಾಯಿತು. ನನ್ನ ದೊಡ್ಡ ಫೋಟೋದ ಹಿಂದೆ ಇಷ್ಟು ಸಣ್ಣ ಲೆಕ್ಕ ಅಡಗಿತ್ತು.

ಕಾರ್ಯಕ್ರಮದ ದಿನ ಸಮುದಾಯ ಭವನದ ಕುರ್ಚಿ ತುಂಬಲೆಂದು ಊರೂರಿನಿಂದ ಮಹಿಳಾ ಸಂಘದವರನ್ನು ಟ್ರ್ಯಾಕ್ಟರಿನಲ್ಲಿ ಕರೆತಂದಿದ್ದರು. ವೇದಿಕೆಯಿಂದ ನೋಡುತ್ತೇನೆ, ನಮ್ಮೂರ ಹೆಂಗಸರ ನಡುವೆ ಅಕ್ಕ ಕುಳಿತಿದ್ದಾಳೆ. ಮೇಷ್ಟ್ರು ಚೆನ್ನಾಗಿಯೇ ಮಾತಾಡಿದರು. ಒಂದೇ ಜಾತಿಯ ಗಿಡದ ತೋಟಕ್ಕೂ ನಮ್ಮದಕ್ಕೂ ಮಣ್ಣಿನಲ್ಲಿ, ತಂಪಿನಲ್ಲಿ ಏನು ವ್ಯತ್ಯಾಸವೆಂದು ಬಿಡಿಸಿ ಹೇಳಿದರು. ಅವರು ಒಂದೊಂದು ಗಿಡದ ಹೆಸರು ಹೇಳುವಾಗಲೂ ನಾನು ಅಕ್ಕನ ಮುಖ ನೋಡುತ್ತಿದ್ದೆ. ಅವಳು ತನ್ನ ಬಳೆಗಳನ್ನು ನೋಡುತ್ತಿದ್ದಳು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಮೈಕು ನನ್ನ ಬಾಯಿಗೆ ತಂದರು.

"ಈ ಶಾಲು ನನಗ ಸಲ್ಲೂದಲ್ರಿ," ಎಂದೆ. "ಆ ಗಿಡದಾಗ ನಾ ಹಚ್ಚಿದ್ದು ಒಂದೂ ಇಲ್ಲ. ನಾ ಬರೂಕಿಂತ ಮೊದಲ ನಮ್ಮ ಅಕ್ಕಾರು ಹಚ್ಯಾರ. ಅಲ್ಲಿ ಕುಂತಾರ ನೋಡ್ರಿ."

ಮೊದಲ ಸಾಲಿನಲ್ಲಿದ್ದ ನನ್ನ ಗಂಡ ತಲೆ ತಗ್ಗಿಸಿದರು. ಆಮೇಲೆ ಮೇಷ್ಟ್ರೇ ಮೊದಲು ಚಪ್ಪಾಳೆ ತಟ್ಟಿದರು, ಸಭೆಯೆಲ್ಲ ತಟ್ಟಿತು. "ಎಂಥಾ ದೊಡ್ಡ ಮನಸ್ಸು ನೋಡ್ರಿ ಈ ತಾಯೀದು," ಎಂದು ನಿರೂಪಕ ಮೈಕಿನಲ್ಲಿ ಹೇಳಿದ. ಅಕ್ಕನನ್ನು ವೇದಿಕೆಗೆ ಕರೆದರು. ಪಕ್ಕದವರು ಮೊಳಕೈಯಿಂದ ತಿವಿದು ಎಬ್ಬಿಸಿದರು. ಅವಳು ಎದ್ದಳು, ಆದರೆ ವೇದಿಕೆಗೆ ಬರಲಿಲ್ಲ. ಸೆರಗು ಮುಂದಕ್ಕೆ ಎಳೆದುಕೊಂಡು ಬಾಗಿಲಿಂದ ಹೊರಗೆ ಹೋದಳು.

ನಾನು ಹಣ್ಣಿನ ಬುಟ್ಟಿ ಅಲ್ಲೇ ಬಿಟ್ಟು ಹಿಂದೆ ಓಡಿದೆ. ಭವನದ ಹಿಂದಿನ ನೀರಿನ ಟ್ಯಾಂಕಿನ ಹತ್ತಿರ ಮುಖ ತೊಳೆಯುತ್ತಿದ್ದಳು.

"ಅಕ್ಕಾರ, ಸಿಟ್ಟ ಬಂತೇನ್ರಿ?"

"ಮಂದ್ಯಾಗ ನನ್ನ ಯಾಕ ಎಳದಿ?"

"ಖರೆ ಹೇಳಬೇಕಂತ..."

"ಹೇಳಿದಿಯಲ್ಲ. ಚಪ್ಪಾಳಿ ಮತ್ತ ನಿನಗ ಬಿದ್ದುವು." ಅವಳ ದನಿಯಲ್ಲಿ ಕೊಂಕಿರಲಿಲ್ಲ, ದಣಿವಿತ್ತು. "ನಾ ಏನ ಹೆಸರಿಗೆ ಹಚ್ಚಿರಲಿಲ್ಲ ತಂಗಿ. ನೀರ ಕಟ್ಟಾಕ ಬಂದಾಗ ಕುಂದರಾಕ ನೆರಳ ಬೇಕಾಗಿತ್ತು. ಕೂಸ ಮಲಗಸಾಕ ಜ್ವಾಳಿಗಿ ಕಟ್ಟಾಕ ಒಂದ ಟೊಂಗಿ ಬೇಕಾಗಿತ್ತು. ಅಷ್ಟ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಪಾಲ ಮಾಡೂ ದಿನ ನನ್ನ ಯಾರೂ ಕೇಳಲಿಲ್ಲ. ನಿನ್ನೂ ಕೇಳಲಿಲ್ಲ, ಅದು ನನಗ ಗೊತ್ತೈತಿ. ಆದ್ರ ನೀ ಒಂದ ದಿನಾ ಅಕ್ಕಾರ ತ್ವಾಟಕ್ಕ ಬರ್ರಿ ಅನಲಿಲ್ಲ ನೋಡು. ನಮ್ಮ ನಡುವ ಒಂದ ಗ್ವಾಡಿ ಐತಿ, ಹೊಳಿ ಏನ ಇಲ್ಲ."

ಫ್ಲೆಕ್ಸಿನ ನಾಚಿಕೆಯನ್ನು ವೇದಿಕೆಯ ಮೇಲೆ ಕಳಚಿ ಬಂದೆನೆಂದು ಅಲ್ಲಿಯತನಕ ಅಂದುಕೊಂಡಿದ್ದೆ. ಅವಳು ಹೇಳಿದ್ದು ಅದಕ್ಕಿಂತ ಆಳಕ್ಕೆ ಹೋಯಿತು. ಕರೆಯಲು ವೇದಿಕೆ ಬೇಕಿರಲಿಲ್ಲ, ಮೈಕು ಬೇಕಿರಲಿಲ್ಲ.

ಮರುದಿನ ಮುಂಜಾನೆ ಅವರ ಮನೆಗೆ ಹೋದೆ. ಕಟ್ಟೆಯ ಮೇಲೆ ಕುಳಿತಿದ್ದ ಭಾವನವರು, "ಏನವಾ, ಭಾಳ ಮರ್ಯಾದಿ ಆತಂತ ಅನಗವಾಡ್ಯಾಗ," ಎಂದರು. ನಾನು ಸೆರಗು ಹೊದ್ದು ಒಳಗೆ ನಡೆದೆ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. "ಅಕ್ಕಾರ, ತ್ವಾಟಕ್ಕ ಬರ್ರಿ," ಎಂದೆ. ಅವಳು ರೊಟ್ಟಿ ತಿರುವಿ ಹಾಕಿ, "ನೋಡೂಣು," ಎಂದಳು. ಒಂದು ಬಿಸಿರೊಟ್ಟಿಯ ಮೇಲೆ ಖಾರದ ಹಿಂಡಿಚಟ್ನಿ ಹಚ್ಚಿ ಕೊಟ್ಟಳು. ನಾನು ಒಲೆಯ ಹತ್ತಿರವೇ ಕುಳಿತು ಅದನ್ನು ಪೂರ್ತಿ ತಿಂದೆ.

ಅವಳು ಬಂದದ್ದು ಬೇಸಿಗೆ ಹತ್ತಿದ ಮೇಲೆ. ನಾನೂ ನನ್ನ ಗಂಡನೂ ಗಿಡದಡಿ ಕುಳಿತು ಕೋಕೋ ಕಾಯಿಗಳನ್ನು ಬಡಿಗೆಯಿಂದ ಒಡೆದು ಬೀಜ ಬುಟ್ಟಿಗೆ ಹಾಕುತ್ತಿದ್ದೆವು. ಒಣ ಎಲೆಯ ಮೇಲೆ ಹೆಜ್ಜೆ ಸಪ್ಪಳ ಕೇಳಿ ತಿರುಗಿದರೆ ಅಕ್ಕ. ನಮ್ಮ ಹತ್ತಿರ ಬರದೆ ಮೊದಲು ಒಂದು ಸುತ್ತು ಹಾಕಿದಳು. ಕೆಲವು ಗಿಡಗಳ ಬೊಡ್ಡೆಯ ಮೇಲೆ ದನದ ಮೈ ಸವರಿದ ಹಾಗೆ ಕೈಯಾಡಿಸಿದಳು. ಅತ್ತಿಯ ಹತ್ತಿರ ನಿಂತುಬಿಟ್ಟಳು.

"ಇದರ ಟೊಂಗಿ ಯಾರ ಕಡದ್ರು?"

"ನಾನ ವೈನಿ," ಎಂದರು ನನ್ನ ಗಂಡ, ಎದ್ದು ನಿಂತು. "ಕೋಕೋಕ್ಕ ಒಂದೀಟ ಬೆಳಕ ಬೇಕಾಗಿತ್ತು."

"ಬೆಳಕ ಬೇಕಂದ್ರ ಸಣ್ಣ ಟೊಂಗಿ ಸವರಬೇಕಪಾ. ಇದು ಜ್ವಾಳಿಗಿ ಕಟ್ಟತಿದ್ದ ಟೊಂಗಿ."

ಅವರ ಕಿವಿಗಳು ಕೆಂಪಾಗಿದ್ದವು. ಗೋಣಿಚೀಲ ತಂದು ಕೊಡವಿ ನೇರಳೆಯ ಬುಡದಲ್ಲಿ ಹಾಸಿದರು. "ಕುಂದರ್ರಿ ವೈನಿ," ಎಂದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ನಾಚಿದ್ದನ್ನು ನಾನು ಕಂಡದ್ದು ಅಂದೇ. ಅಕ್ಕ ಕುಳಿತಳು. ನಾನು ಕೊಟ್ಟ ಕೋಕೋ ಬೀಜದ ಬಿಳಿ ತಿರುಳು ಚೀಪಿ, ಬೀಜ ಉಗಿದು, "ಇದರಾಗ ಚಾಕಲೇಟ ಎಲ್ಲೈತಿ?" ಎಂದು ಕೇಳಿದಳು. ಆಗ ಮೂವರೂ ನಕ್ಕೆವು.

ಗಿಡದಲ್ಲಿ ಪಾಲು ಕೇಳುವ ಮಾತು ಭಾವನವರ ಬಾಯಿಂದ ಈವರೆಗೆ ಬಂದಿಲ್ಲ. ಆದರೆ ತಮ್ಮ ಕಬ್ಬಿನ ಬದುವಿನ ಮೇಲೆ ಗಿಡ ಹಚ್ಚಲು ಅಕ್ಕನಿಗೆ ಬಿಟ್ಟಿಲ್ಲ, ಬೆಳೆಗೆ ನೆರಳು ಬೀಳುತ್ತದಂತೆ. ಬೋರಿನ ಹತ್ತಿರದ ಮೂಲೆಯನ್ನಷ್ಟೇ ಕೊಟ್ಟಿದ್ದಾರೆ. ನಮ್ಮ ನೇರಳೆಯ ಕೆಳಗೆ ತಾನಾಗಿ ಎದ್ದ ಸಸಿಗಳನ್ನು ಮಣ್ಣುಸಮೇತ ಕಿತ್ತು ನಾವಿಬ್ಬರೂ ಅಲ್ಲಿ ಹಚ್ಚಿದೆವು. ಕೆಲವು ಒಣಗಿದವು, ಕೆಲವು ಹಿಡಿದಿವೆ.

ನನ್ನ ನಾಚಿಕೆ ಪೂರ್ತಿ ಹೋಗಿಲ್ಲ. ಈಗಲೂ ತೋಟ ನೋಡಲು ಬಂದವರು ನನ್ನನ್ನೇ ಹುಡುಕುತ್ತಾರೆ, ನಾನಲ್ಲ ಎಂದಷ್ಟೂ ಹೊಗಳುತ್ತಾರೆ. ಮೊನ್ನೆ ಮುಧೋಳದಿಂದ ಯಾರೋ ಫೋನು ಮಾಡಿ ಅಲ್ಲಿನ ರೈತರ ಮುಂದೆ ಮಾತಾಡಲು ಕರೆದರು. ಆಗ ನಾವು ಅಕ್ಕನ ಹೊಲದ ಮೂಲೆಯಲ್ಲಿ ಸಸಿಗಳಿಗೆ ನೀರು ಬಿಡುತ್ತಿದ್ದೆವು. ನಾನು ಫೋನು ಅವಳ ಕೈಗೆ ಕೊಟ್ಟೆ. ಅವಳು ಕೆಸರುಗೈಯಲ್ಲೇ ಹಿಡಿದುಕೊಂಡು, ಅತ್ತಲಿನ ಮಾತು ಪೂರ್ತಿ ಕೇಳಿ ಹೇಳಿದಳು: "ಈಗ ನೀರ ಹಾಯಸಾಕತ್ತೇವ್ರಿ. ಸಂಜೀಕ ಮಾಡ್ರಿ, ಮಾತಾಡೂಣು." ಫೋನನ್ನು ಸೆರಗಿಗೆ ಒರೆಸಿ ನನಗೆ ಕೊಟ್ಟು, ಮುಂದಿನ ಸಸಿಯ ಕಡೆಗೆ ಪೈಪು ಎಳೆದಳು.